ಒಂದು ಸ್ಟಿಕ್ಕರ್‌ಗೆ ನಗು ಬರುತ್ತದೆ, ಇನ್ನೊಂದಕ್ಕೆ ಯಾಕಿಲ್ಲ?

ಪ್ರಶ್ನೆ: ಗಾಡಿಗಳ ಹಿಂದೆ ರಾಜಕೀಯದ ಬರಹಗಳು ತುಂಬಾ ಕಾಣುತ್ತವೆ. ಕೆಲವನ್ನು ಓದಿದ ಕೂಡಲೇ ನಗು ಬರುತ್ತದೆ, ಅದು ನಮ್ಮ ಪಕ್ಷವನ್ನೇ ಚುಚ್ಚಿದ್ದರೂ. ಇನ್ನು ಕೆಲವು ಬರೀ ಸಿಟ್ಟು ಬರಿಸುತ್ತವೆ. ಎರಡರಲ್ಲೂ ಟೀಕೆಯೇ ಇರುವಾಗ ಈ ವ್ಯತ್ಯಾಸ ಎಲ್ಲಿಂದ ಬಂತು?

ಉತ್ತರ: ಇದನ್ನು ತುಂಬಾ ಜನ ಕೇಳುತ್ತಾರೆ. ನನಗೂ ಬಹಳ ಇಷ್ಟದ ವಿಷಯ. ಕಾಸರಗೋಡಿನಿಂದ ಮಂಗಳೂರಿಗೆ ಹೋಗಿ ಬರುವವರಿಗೆ ದಾರಿಯುದ್ದಕ್ಕೂ ಓದಲು ಸಿಗುವುದು ಮುಂದಿನ ಗಾಡಿಯ ಬೆನ್ನು. ತಲಪಾಡಿ ಟೋಲ್‌ನಲ್ಲಿ ಸಾಲು ನಿಂತರೆ ಆ ಒಂದು ಸಾಲಿನಲ್ಲೇ ನಾಲ್ಕು ಭಾಷೆಯ ಬರಹ ಇರುತ್ತದೆ.

ಉತ್ತರವನ್ನು ಒಂದು ಉದಾಹರಣೆಯಿಂದ ಶುರು ಮಾಡುತ್ತೇನೆ. “ಅಭಿವೃದ್ಧಿಯೇ ನಮ್ಮ ಗುರಿ.” ಎಲ್ಲ ಪಕ್ಷದವರೂ ಹೇಳುವ ಮಾತು ಇದು. ಮೈಸೂರಿನಲ್ಲೋ ಧಾರವಾಡದಲ್ಲೋ ಇದನ್ನು ಓದಿದವರು ಏನೂ ಅನಿಸದೆ ಮುಂದೆ ಹೋಗುತ್ತಾರೆ. ಅದೇ ಸ್ಟಿಕ್ಕರನ್ನು ಮಳೆಗಾಲದಲ್ಲಿ ನಮ್ಮ ಕಾಸರಗೋಡಿನ ಉಪ್ಪಳದ ಒಂದು ರಿಕ್ಷಾದ ಹಿಂದೆ ಅಂಟಿಸಿದರು ಅಂದುಕೊಳ್ಳಿ. ಇಲ್ಲಿ ಓದುವವರಲ್ಲಿ ತುಂಬಾ ಜನ ಮನೆಯಲ್ಲಿ ತುಳು ಮಾತಾಡುವವರು. ತುಳುವಿನಲ್ಲಿ ಗುರಿ ಎಂದರೆ ಹೊಂಡ. ಈಗ ಇನ್ನೊಮ್ಮೆ ಓದಿ.

ನೋಡಿ, ಒಂದು ಅಕ್ಷರವೂ ಬದಲಾಗಲಿಲ್ಲ. ಬೈಗುಳ ಇಲ್ಲ, ಯಾರ ಹೆಸರೂ ಇಲ್ಲ. ಘೋಷಣೆಯ ಕನ್ನಡದಿಂದ ಮನೆಯ ತುಳುವಿಗೆ ಓದುವವರೇ ದಾಟಿದರು. ದಾಟಿದ ಕೂಡಲೇ ದೊಡ್ಡ ಮಾತು ಹೊಂಡಕ್ಕೆ ಬಿತ್ತು. ಪಕ್ಷದವರು ಬಂದು ಜೋರು ಮಾಡಿದರೆ ರಿಕ್ಷಾದವರು ಹೇಳಬಹುದು: “ನಾನೇನು ತಪ್ಪು ಬರೆದೆ ಮಾರಾಯ್ರೆ? ನಿಮ್ಮದೇ ಘೋಷಣೆ ಅಲ್ವಾ?” ಅದಕ್ಕೆ ಉತ್ತರ ಕೊಡುವುದು ಕಷ್ಟ, ಯಾಕೆಂದರೆ ತಮಾಷೆ ಸ್ಟಿಕ್ಕರ್‌ನ ಮೇಲೆ ಇಲ್ಲವೇ ಇಲ್ಲ. ಅದು ಓದಿದವರ ತಲೆಯಲ್ಲಿದೆ.

ಈಗ ಇದನ್ನು ಹೋಲಿಸಿ: “ರಸ್ತೆ ರಿಪೇರಿ ಮಾಡದ ಕಳ್ಳ ಸರ್ಕಾರ.” ಮಾತು ನಿಜ ಇರಬಹುದು, ಸಿಟ್ಟೂ ನ್ಯಾಯವೇ ಇರಬಹುದು. ಆದರೆ ಓದುವವರಿಗೆ ಇಲ್ಲಿ ಮಾಡಲು ಏನೂ ಉಳಿದಿಲ್ಲ. ಬರೆದವರೇ ಎಲ್ಲ ಹೇಳಿ ಮುಗಿಸಿದ್ದಾರೆ. ಒಪ್ಪುವವರು ತಲೆಯಾಡಿಸುತ್ತಾರೆ, ಒಪ್ಪದವರು ಹಲ್ಲು ಕಡಿಯುತ್ತಾರೆ. ನಗಲು ಇಬ್ಬರಿಗೂ ಜಾಗ ಇಲ್ಲ. ನಿಮ್ಮ ಪ್ರಶ್ನೆಯ ಉತ್ತರದ ಅರ್ಧ ಇಷ್ಟೇ: ಕೊನೆಯ ಹೆಜ್ಜೆಯನ್ನು ಓದುಗರಿಗೆ ಬಿಟ್ಟ ಸ್ಟಿಕ್ಕರ್ ನಗಿಸುತ್ತದೆ. ಉಳಿದ ಅರ್ಧಕ್ಕೆ ಆಮೇಲೆ ಬರುತ್ತೇನೆ.

ಹಿಂದಿನ ಗಾಡಿಯಲ್ಲಿ ಕೂತವರಿಗೆ ಸಮಯ ಕಡಿಮೆ. ಗಂಟೆಗೆ 40 ಕಿಲೋಮೀಟರ್ ಓಡುವ ಗಾಡಿ ಒಂದು ಸೆಕೆಂಡಿಗೆ ಸುಮಾರು 11 ಮೀಟರ್ ಹೋಗುತ್ತದೆ. ಎರಡು ಮೂರು ಸೆಕೆಂಡಿನಲ್ಲಿ ಓದಿ ಮುಗಿಯಬೇಕು. ಹಾಗಾಗಿ ಈ ಬರಹಗಳಲ್ಲಿ ಶ್ಲೇಷೆ ಜಾಸ್ತಿ. ಒಂದೇ ಪದ ಎರಡು ಪದದ ಕೆಲಸ ಮಾಡಿದರೆ ಜಾಗವೂ ಉಳಿಯುತ್ತದೆ, ಹೊತ್ತೂ ಉಳಿಯುತ್ತದೆ. “ಬೈಕೂ ಹೊಂಡಾ, ರೋಡೂ ಹೊಂಡ” ಎಂದು ಮಡ್‌ಗಾರ್ಡ್ ಮೇಲೆ ಬರೆಸಿದರೆ ನಾಲ್ಕು ಪದದಲ್ಲಿ ಕೆಲಸ ಆಯಿತು. ಇದನ್ನು ನಾನೇ ಕಟ್ಟಿದ್ದು. ಆದರೆ ಇದೇ ಮಾತನ್ನು ಬೆಂಗಳೂರಿಗೆ ಒಯ್ದರೆ ಅಲ್ಲಿನ ಜನ ರಸ್ತೆಯ ಹೊಂಡಕ್ಕೆ ಗುಂಡಿ ಎನ್ನುತ್ತಾರೆ, ಮಾತು ಅರ್ಧ ಸತ್ತಿತು. ಮಲಯಾಳಕ್ಕೆ ತಂದರೆ ಹೊಂಡ ಕುಳಿ ಆಗುತ್ತದೆ, ಪೂರ್ತಿ ಸತ್ತಿತು. ಸ್ಟಿಕ್ಕರ್ ಹಾಸ್ಯಕ್ಕೆ ಊರು ಬೇಕು ಎಂದು ನಾನು ನಂಬಿರುವುದು ಇದಕ್ಕೇ.

ಸ್ಟಿಕ್ಕರ್ ಎಂಬ ವಸ್ತು ಮಾತ್ರ ನಮ್ಮ ಊರಿನದಲ್ಲ. ಅಮೆರಿಕದಲ್ಲಿ ಮೊದಲು ರಟ್ಟಿನದೋ ತಗಡಿನದೋ ಫಲಕವನ್ನು ಕಾರಿನ ಬಂಪರ್‌ಗೆ ತಂತಿಯಲ್ಲಿ ಕಟ್ಟುತ್ತಿದ್ದರು. ಎರಡನೇ ಮಹಾಯುದ್ಧದ ಆಸುಪಾಸಿನಲ್ಲಿ ಕನ್ಸಾಸ್ ಸಿಟಿಯ ಫಾರೆಸ್ಟ್ ಗಿಲ್ ಎಂಬ ಸ್ಕ್ರೀನ್ ಪ್ರಿಂಟಿಂಗ್ ಕೆಲಸದವರು ಹಿಂದೆ ಅಂಟು ಇರುವ ಕಾಗದವನ್ನೂ ಹೊಳೆಯುವ ಬಣ್ಣವನ್ನೂ ಸೇರಿಸಿ ಈಗಿನ ರೂಪ ಕೊಟ್ಟರು. 1952ರ ಅಧ್ಯಕ್ಷೀಯ ಚುನಾವಣೆಯ ಹೊತ್ತಿಗೆ ಅದು ಪ್ರಚಾರದ ಸಾಮಾನಾಗಿತ್ತು. ಅಲ್ಲಿಂದ ಬಂದ ಮೂರು ಸ್ಟಿಕ್ಕರ್‌ಗಳ ಬಗ್ಗೆ ಹೇಳಲೇಬೇಕು.

1964ರಲ್ಲಿ ಬ್ಯಾರಿ ಗೋಲ್ಡ್‌ವಾಟರ್ ಅಧ್ಯಕ್ಷ ಸ್ಥಾನಕ್ಕೆ ನಿಂತಿದ್ದರು. ಅವರ ಬೆಂಬಲಿಗರ ಒಂದು ಸ್ಟಿಕ್ಕರ್‌ನಲ್ಲಿ ಹೆಸರೇ ಇರಲಿಲ್ಲ. ಎಯು ಎಚ್‌2ಒ ಎಂದಷ್ಟೇ ಇತ್ತು. ಎಯು ಎಂದರೆ ರಸಾಯನಶಾಸ್ತ್ರದಲ್ಲಿ ಚಿನ್ನ, ಎಚ್‌2ಒ ಎಂದರೆ ನೀರು. ಗೋಲ್ಡ್, ವಾಟರ್. ಓದಿದವರಿಗೆ ಒಂದು ಸಣ್ಣ ಒಗಟು ಬಿಡಿಸಿದ ಖುಷಿ. ಅವರು ಚುನಾವಣೆಯಲ್ಲಿ ದೊಡ್ಡ ಅಂತರದಿಂದ ಸೋತರು, ಸ್ಟಿಕ್ಕರ್ ಮಾತ್ರ ಉಳಿಯಿತು.

1972ರ ಅಧ್ಯಕ್ಷೀಯ ಚುನಾವಣೆಯಲ್ಲಿ ರಿಚರ್ಡ್ ನಿಕ್ಸನ್ 50ರಲ್ಲಿ 49 ರಾಜ್ಯಗಳನ್ನು ಗೆದ್ದರು. ಎದುರಾಳಿ ಮೆಕ್‌ಗವರ್ನ್‌ಗೆ ಸಿಕ್ಕಿದ ಒಂದೇ ರಾಜ್ಯ ಮ್ಯಾಸಚೂಸೆಟ್ಸ್, ಅದರ ಜೊತೆ ರಾಜಧಾನಿ ವಾಷಿಂಗ್ಟನ್. ಆಮೇಲೆ ಎದುರು ಪಕ್ಷದ ಕಚೇರಿಗೆ ಕದ್ದು ನುಗ್ಗಿದ ವಾಟರ್‌ಗೇಟ್ ಹಗರಣ ಬಯಲಾಯಿತು, 1974ರ ಆಗಸ್ಟ್‌ನಲ್ಲಿ ನಿಕ್ಸನ್ ರಾಜೀನಾಮೆ ಕೊಟ್ಟರು. ಆಗ ಕಾರುಗಳ ಮೇಲೆ ಕಂಡದ್ದು: “ನನ್ನನ್ನು ದೂರಬೇಡಿ, ನಾನು ಮ್ಯಾಸಚೂಸೆಟ್ಸ್‌ನವನು.” ಇದರಲ್ಲಿ ನಿಕ್ಸನ್ ಎಂಬ ಹೆಸರಿಲ್ಲ, ಹಗರಣದ ಮಾತಿಲ್ಲ. ರಾಜ್ಯದ ಹೆಸರೊಂದೇ ಇಡೀ ಕತೆಯನ್ನು ಹೊತ್ತುಕೊಂಡಿದೆ.

ನಮ್ಮಲ್ಲೂ ಹೀಗೆ ಕತೆ ಹೊತ್ತ ಅಂಕಿಗಳು ಉಂಟು. 2016ರ ವಿಧಾನಸಭಾ ಚುನಾವಣೆಯಲ್ಲಿ ಮಂಜೇಶ್ವರದ ಗೆಲುವು ಸೋಲು ತೀರ್ಮಾನವಾದದ್ದು ಬರೀ 89 ಮತಗಳಿಂದ. 2021ರಲ್ಲೂ ಅಂತರ 745 ಮಾತ್ರ. ಇಲ್ಲಿ ಯಾರಾದರೂ ಸ್ಕೂಟರಿನ ಹಿಂದೆ “ಆ 89ರಲ್ಲಿ ನಾನೂ ಒಬ್ಬ” ಎಂದು ಬರೆಸಿದರೆ ಹೊರಗಿನವರಿಗೆ ಅರ್ಥವೇ ಆಗದು. ಮಂಜೇಶ್ವರದವರು ಮಾತ್ರ ಸ್ಕೂಟರ್ ಯಾರದು ಎಂದು ಕತ್ತು ಚಾಚಿ ನೋಡುತ್ತಾರೆ. ಗೆದ್ದವರಿಗೆ ಅದು ಹೆಮ್ಮೆ. ಸೋತವರಿಗೆ, ಆ ದಿನ ಮನೆಯಲ್ಲೇ ಕೂತ ನೆಂಟರ ನೆನಪು.

ಮೂರನೆಯದು ನನಗೆ ಎಲ್ಲಕ್ಕಿಂತ ಇಷ್ಟ. 1991ರಲ್ಲಿ ಲೂಸಿಯಾನ ರಾಜ್ಯದ ಗವರ್ನರ್ ಸ್ಥಾನಕ್ಕೆ ಕೊನೆಯ ಸುತ್ತಿನಲ್ಲಿ ಇಬ್ಬರು ಉಳಿದರು. ಒಬ್ಬರು ಎಡ್ವಿನ್ ಎಡ್ವರ್ಡ್ಸ್, ಭ್ರಷ್ಟಾಚಾರದ ಆರೋಪ ಬೆನ್ನಿಗೇ ಅಂಟಿಕೊಂಡಿದ್ದವರು. ಇನ್ನೊಬ್ಬರು ಡೇವಿಡ್ ಡ್ಯೂಕ್, ಕಪ್ಪು ಜನರನ್ನು ದ್ವೇಷಿಸುವ ಕು ಕ್ಲಕ್ಸ್ ಕ್ಲಾನ್ ಸಂಘಟನೆಯ ಮಾಜಿ ನಾಯಕ. ಆಗ ಎಡ್ವರ್ಡ್ಸ್ ಪರ ಹಂಚಿದ ಸ್ಟಿಕ್ಕರ್ ಹೇಳಿದ್ದು: “ಕಳ್ಳನಿಗೇ ಓಟು ಹಾಕಿ. ಇದು ಮುಖ್ಯ.” ಸ್ವಂತ ಅಭ್ಯರ್ಥಿಯನ್ನೇ ಕಳ್ಳ ಎನ್ನುವ ಪ್ರಚಾರ! ಮೊದಲ ವಾಕ್ಯ ನಗಿಸುತ್ತದೆ. ಎರಡನೇ ವಾಕ್ಯ ಆ ನಗುವಿನ ಅಡಿಯಲ್ಲಿ ಎಷ್ಟು ಭಯ ಇದೆ ಎಂದು ತೋರಿಸುತ್ತದೆ. ಎಡ್ವರ್ಡ್ಸ್ ಗೆದ್ದರು. 2000ದಲ್ಲಿ ನ್ಯಾಯಾಲಯ ಅವರನ್ನು ಭ್ರಷ್ಟಾಚಾರದ ಪ್ರಕರಣದಲ್ಲಿ ಅಪರಾಧಿ ಎಂದಿತು. ಸ್ಟಿಕ್ಕರ್ ಸುಳ್ಳು ಹೇಳಿರಲಿಲ್ಲ.

ನಮ್ಮ ದೇಶದ ಲಾರಿಗಳಲ್ಲೂ ಇಂಥ ಪ್ರಾಮಾಣಿಕತೆ ಇದೆ. “ಮೇರಾ ಭಾರತ್ ಮಹಾನ್” ಎಂಬ ಘೋಷಣೆಗೆ ಯಾರೋ ಒಂದು ಸಾಲು ಮೊದಲೇ ಸೇರಿಸಿದರು: ನೂರರಲ್ಲಿ ತೊಂಬತ್ತೊಂಬತ್ತು ಮಂದಿ ಬೇಯಿಮಾನರು, ಆದರೂ ನನ್ನ ಭಾರತ ಮಹಾನ್. ಈ ಜೋಡಿ ಸಾಲು ಹಿಂದಿಯಲ್ಲಿ ಊರೂರು ಸುತ್ತಿತು. ಇದರ ರುಚಿ “ಆದರೂ” ಎಂಬ ಪದದಲ್ಲಿದೆ. ಬರೆದವನು ದೇಶವನ್ನು ಬೈದು ಹೊರಗೆ ನಿಲ್ಲಲಿಲ್ಲ, ಪ್ರೀತಿ ಇಟ್ಟುಕೊಂಡೇ ದೂರು ಹೇಳಿದ. ಓದುವ ನಾವು ಆ ನೂರರಲ್ಲಿ ಎಲ್ಲಿದ್ದೇವೆ ಎಂದೂ ಒಂದು ಕ್ಷಣ ಲೆಕ್ಕ ಹಾಕುತ್ತೇವೆ.

ಗಾಡಿ ಕೂಡ ತಮಾಷೆಯ ಪಾಲುದಾರ. ಇದನ್ನು ತುಂಬಾ ಜನ ಗಮನಿಸುವುದಿಲ್ಲ. ನಮ್ಮಲ್ಲಿ ಬಂಪರ್‌ಗೇ ಅಂಟಿಸುವವರು ಕಡಿಮೆ. ರಿಕ್ಷಾದ ಹಿಂದಿನ ರೆಕ್ಸಿನ್, ಜೀಪಿನ ಸ್ಟೆಪ್ನಿ ಕವರ್, ಬಸ್ಸಿನ ಹಿಂದಿನ ಗಾಜು, ಇವೇ ನಮ್ಮ ಹಲಗೆ. ರೇಡಿಯಂ ಅಂಗಡಿಗೆ ಹೋದರೆ ಬೇಕಾದ ಅಕ್ಷರ ಕತ್ತರಿಸಿ ಕೊಡುತ್ತಾರೆ. “ಓಟು ಕೇಳಿದರು, ಓಟು ಸಿಕ್ಕಿತು, ಓಟ ಕಿತ್ತರು” ಎಂದು ಬರೆದ ಬೈಕ್ ನಿಮ್ಮನ್ನು ದಾಟಿ ಭರ್ರನೆ ಹೋದರೆ ಬೈಕೇ ಆ ಮಾತನ್ನು ಮಾಡಿ ತೋರಿಸಿದ ಹಾಗೆ. ಅದೇ ಮಾತು ಗೋಡೆ ಮೇಲೆ ಇದ್ದರೆ ಇಷ್ಟು ಕಚಗುಳಿ ಇಡುವುದಿಲ್ಲ. ಹಳೇ ಜೀಪಿನ ಮೇಲೆ “ಹೊಗೆ ಜಾಸ್ತಿ, ಓಟ ಕಮ್ಮಿ, ಸರ್ಕಾರಿ ಮಾಡೆಲ್” ಎಂದಿದ್ದರೆ ನಗು. ಹೊಸ ದುಬಾರಿ ಕಾರಿನ ಮೇಲೆ ಅದೇ ಮಾತು ಸುಮ್ನೆ ದೊಡ್ಡಸ್ತಿಕೆ. ಮಾತಿಗೆ ತಕ್ಕ ಗಾಡಿ ಬೇಕು.

ಈಗ ಉಳಿದ ಅರ್ಧ ಉತ್ತರ. ನಮ್ಮ ಪಕ್ಷಕ್ಕೇ ಚುಚ್ಚಿದ ಮಾತಿಗೂ ನಾವು ಯಾಕೆ ನಗುತ್ತೇವೆ?

ಇದಕ್ಕೆ ಕಾಸರಗೋಡಿನ ನೋವಿನ ವಿಷಯವನ್ನೇ ತೆಗೆದುಕೊಳ್ಳುತ್ತೇನೆ. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. 1967ರಲ್ಲಿ, ಗಡಿ ತಕರಾರು ನೋಡಲು ನೇಮಿಸಿದ ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಉತ್ತರದ ಭಾಗವನ್ನು ಆಗಿನ ಮೈಸೂರು ರಾಜ್ಯಕ್ಕೆ ಕೊಡಬೇಕೆಂದು ಹೇಳಿತು. ಅದು ಜಾರಿಗೆ ಬರಲಿಲ್ಲ. ಕಯ್ಯಾರ ಕಿಞ್ಞಣ್ಣ ರೈಗಳಂಥ ಹಿರಿಯರು ಜೀವನವಿಡೀ ಇದಕ್ಕಾಗಿ ದನಿ ಎತ್ತಿದರು. ಈ ವಿಷಯದಲ್ಲಿ ಸಿಟ್ಟಿನ ಸ್ಟಿಕ್ಕರ್ ಬರೆಯುವುದು ಸುಲಭ. ನಮ್ಮ ಮನೆಗಳಲ್ಲಿ ಆ ಸಿಟ್ಟು ಇನ್ನೂ ಆರಿಲ್ಲ, ನನಗೂ ಆರಿಲ್ಲ.

ಆದರೆ ಕೆಎಲ್ 14, ಅಂದರೆ ಕಾಸರಗೋಡಿನ ನಂಬರಿನ ಒಂದು ಕಾರಿನ ಹಿಂದೆ ಕನ್ನಡದಲ್ಲಿ ಹೀಗೆ ಬರೆದಿದೆ ಎಂದು ಊಹಿಸಿ: “1956ರಿಂದ ಯೂ ಟರ್ನ್ ಹುಡುಕುತ್ತಿದ್ದೇನೆ.”

ಹೆದ್ದಾರಿ 66 ಆರು ಪಥವಾದ ಮೇಲೆ ಎದುರು ಬದಿಯ ಅಂಗಡಿಗೆ ಹೋಗಬೇಕಾದರೂ ಎಷ್ಟು ದೂರ ಸುತ್ತಬೇಕು ಎನ್ನುವುದು ಇಲ್ಲಿ ಎಲ್ಲರಿಗೂ ಗೊತ್ತು. ಕನ್ನಡಿಗರು ಈ ಮಾತಿನಲ್ಲಿ 1956 ಓದುತ್ತಾರೆ. ಮಲಯಾಳ ಮಾತಾಡುವ ಪಕ್ಕದ ಮನೆಯವರಿಗೆ ಅರ್ಥ ಹೇಳಿದರೆ ಅವರು ಯೂ ಟರ್ನ್ ಓದುತ್ತಾರೆ, ಯಾಕೆಂದರೆ ಅವರೂ ಬೆಳಿಗ್ಗೆ ಅದನ್ನೇ ಹುಡುಕಿ ಬಂದಿದ್ದಾರೆ. ನಗುವಾಗ ಅವರು ನಮ್ಮ ಬೇಡಿಕೆ ಒಪ್ಪಿದರು ಎಂದಲ್ಲ. ಆದರೆ ಆ ಮಾತಿನೊಳಗೆ ಅವರಿಗೂ ನಿಲ್ಲಲು ಜಾಗ ಸಿಕ್ಕಿತು. ಸಿಟ್ಟಿನ ಸ್ಟಿಕ್ಕರ್ ಅವರನ್ನು ಬಾಗಿಲ ಹೊರಗೇ ನಿಲ್ಲಿಸುತ್ತಿತ್ತು. ನಿಮ್ಮ ಪಕ್ಷವನ್ನು ಚುಚ್ಚಿದ ಮಾತಿಗೆ ನೀವು ನಕ್ಕಿದ್ದೂ ಹೀಗೇ ಇರಬೇಕು. ನಿಮ್ಮ ಪಕ್ಷದವರೂ ಅದೇ ಹೊಂಡದಲ್ಲಿ ಬೀಳುತ್ತಾರೆ ಅಲ್ವಾ?

ಈ ಊರಿಗೆ ಇದು ಹೊಸತಲ್ಲ. ಪೊಟ್ಟನ್ ತೆಯ್ಯಂ ಎಂಬ ದೈವದ ಕೋಲ ನೋಡಿದವರಿಗೆ ಗೊತ್ತು. ದಾರಿ ಬಿಡು ಎಂದ ಮೇಲ್ಜಾತಿಯ ಗುರುವಿಗೆ ಕೆಳಜಾತಿಯವನು ನಗುನಗುತ್ತಾ ಪ್ರಶ್ನೆ ಹಾಕುತ್ತಾನೆ, ಕೆಂಡದ ಮೇಲೆ ಮಲಗಿ ಚಳಿ ಎನ್ನುತ್ತಾನೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆಯ ಈ ಸೀಮೆಯಲ್ಲಿ ಯಕ್ಷಗಾನದ ಹಾಸ್ಯಗಾರ ದೂತನ ವೇಷದಲ್ಲಿ ಬಂದು, ರಾಜನ ಎದುರೇ ನಿಂತು, ಬೇರೆ ಯಾರೂ ಹೇಳಲಾಗದ್ದನ್ನು ಹೇಳಿ ಹೋಗುತ್ತಾನೆ. ಇಬ್ಬರೂ ಮಾತು ಎಸೆಯುವುದು ಮೇಲಿನವರ ಕಡೆಗೆ. ರಿಕ್ಷಾದ ಹಿಂದಿನ ಒಳ್ಳೆಯ ಬರಹ ಇವರ ಸಂಬಂಧಿಕ ಎಂದೇ ನನಗೆ ಅನಿಸುತ್ತದೆ.

ಅದಕ್ಕಾಗಿಯೇ ಒಂದು ಸಮುದಾಯವನ್ನೋ, ಹೆಂಗಸರನ್ನೋ, ಯಾರದ್ದೋ ಮೈಬಣ್ಣವನ್ನೋ ಹಿಡಿದು ಬರೆದ ಸ್ಟಿಕ್ಕರ್‌ಗಳನ್ನು ನಾನು ರಾಜಕೀಯ ಹಾಸ್ಯ ಎಂದು ಒಪ್ಪುವುದಿಲ್ಲ. ಅಲ್ಲಿ ಅಧಿಕಾರದಲ್ಲಿ ಇರುವವರಿಗೆ ಏನೂ ತಾಗುವುದಿಲ್ಲ. ಪಕ್ಕದ ಸೀಟಿನಲ್ಲಿ ಕೂತ ಬಡವರಿಗೆ ತಾಗುತ್ತದೆ.

ಬರೆಸುವ ಮನಸ್ಸಿದ್ದರೆ ಎರಡು ವಿಷಯ ನೆನಪಿಡಿ. ನಂಬರ್ ಪ್ಲೇಟ್ ಮೇಲೆ ಏನೂ ಅಂಟಿಸುವ ಹಾಗಿಲ್ಲ. ಚುನಾವಣೆಗೆ ಸಂಬಂಧಿಸಿದ ಪೋಸ್ಟರನ್ನು ಅಚ್ಚು ಹಾಕಿಸಿ ಹಂಚುವುದಾದರೆ 1951ರ ಜನಪ್ರಾತಿನಿಧ್ಯ ಕಾಯ್ದೆಯ 127ಎ ಕಲಂ ಪ್ರಕಾರ ಮುದ್ರಿಸಿದವರ ಮತ್ತು ಪ್ರಕಟಿಸಿದವರ ಹೆಸರು, ವಿಳಾಸ ಅದರಲ್ಲಿ ಇರಲೇಬೇಕು.

ಇನ್ನು ಒಂದು ಬಗೆಯ ನಗು ಉಂಟು, ಅದನ್ನು ಯಾರೂ ಬರೆಸುವುದಿಲ್ಲ. ಚುನಾವಣೆ ಮುಗಿದ ಮೇಲೆ ಸ್ಟಿಕ್ಕರ್ ಕೀಳುವ ಅಭ್ಯಾಸ ನಮ್ಮಲ್ಲಿ ಕಡಿಮೆ. ಇಲ್ಲಿನ ಬಿಸಿಲಿಗೂ, ವರ್ಷಕ್ಕೆ 3,000 ಮಿಲಿಮೀಟರ್ ದಾಟುವ ಮಳೆಗೂ ಅದು ಬಣ್ಣ ಬಿಟ್ಟು ಅಲ್ಲೇ ಇರುತ್ತದೆ. “ಬದಲಾವಣೆ ಬೇಕು” ಎಂದು ಅಂಟಿಸಿದವರ ಪಕ್ಷವೇ ಗೆದ್ದು ಕುರ್ಚಿಯಲ್ಲಿ ಕೂತು ವರ್ಷಗಳಾಗಿವೆ. ಗಾಡಿಯ ಹಿಂದೆ ಮಾತ್ರ ಬದಲಾವಣೆ ಇನ್ನೂ ಬೇಕು. ತಲಪಾಡಿಯಲ್ಲಿ ಅಂಥ ಗಾಡಿಯ ಹಿಂದೆ ನಿಂತಾಗ, ಇದು ಮರೆತು ಉಳಿದದ್ದೋ ಬೇಕೆಂದೇ ಉಳಿಸಿದ್ದೋ ಎಂದು ಇಳಿದು ಹೋಗಿ ಕೇಳಬೇಕು ಅನಿಸುತ್ತದೆ. ಅಷ್ಟರಲ್ಲಿ ಸಾಲು ಮುಂದೆ ಹೋಗುತ್ತದೆ.