ಘಾಟಿ ಇಳಿಸುವ ಗೇರು

ಆಗುಂಬೆ ಘಾಟಿ ಇಳಿದು ಸೋಮೇಶ್ವರದಲ್ಲಿ ಗಾಡಿ ನಿಲ್ಲಿಸಿದ ಕೂಡಲೇ ಮೂಗಿಗೆ ಬಡಿಯುವ ಸುಟ್ಟ ವಾಸನೆಯನ್ನು ಬಹಳಷ್ಟು ಜನ ಕ್ಲಚ್ಚಿನದು ಎಂದುಕೊಳ್ಳುತ್ತಾರೆ. ಹತ್ತುವಾಗ ಬಂದಿದ್ದರೆ ಕ್ಲಚ್ಚಿನದೇ. ಇಳಿಯುವಾಗ ಕ್ಲಚ್ಚಿಗೆ ಸುಟ್ಟುಕೊಳ್ಳುವಂಥ ಕೆಲಸವೇ ಇರುವುದಿಲ್ಲ. ಅದು ಬ್ರೇಕ್ ಪ್ಯಾಡಿನ ವಾಸನೆ. ಮುಂದಿನ ಚಕ್ರದ ಹತ್ತಿರ ಅಂಗೈ ಒಡ್ಡಿ ನೋಡಿ, ಮುಟ್ಟಬೇಡಿ. ಕಾದ ದೋಸೆ ಕಾವಲಿಯ ಮೇಲೆ ಕೈ ಹಿಡಿದ ಹಾಗೆ ಝಳ ಹೊಡೆದರೆ, ಹದಿನಾಲ್ಕು ತಿರುವುಗಳನ್ನೂ ಬರೀ ಬ್ರೇಕಿನ ಮೇಲೆ ಇಳಿಸಿದ್ದೀರಿ ಎಂದರ್ಥ.

ಒಂದು ಸಣ್ಣ ಲೆಕ್ಕ. ನಾಲ್ಕು ಜನ, ಸಾಮಾನು ಎಲ್ಲ ಸೇರಿ 1,400 ಕೆ.ಜಿ. ತೂಗುವ ಕಾರು 500 ಮೀಟರ್ ಕೆಳಗಿಳಿದರೆ ಬಿಟ್ಟುಕೊಡುವ ಶಕ್ತಿ ಹೆಚ್ಚುಕಡಿಮೆ 1.9 ಯೂನಿಟ್ ಕರೆಂಟಿಗೆ ಸಮ. ಮನೆಗೆ ತರಿಸುವ 20 ಲೀಟರಿನ ಕ್ಯಾನಿನ ನೀರನ್ನು ಪೂರ್ತಿ ಕುದಿಸಲು ಅಷ್ಟು ಸಾಕು. ಗಾಳಿ ಮತ್ತು ಟೈರು ಅದರಲ್ಲಿ ಒಂದು ಪಾಲನ್ನು ನುಂಗುತ್ತವೆ. ಮಿಕ್ಕದ್ದು ಎರಡೇ ಕಡೆ ಹೋಗಬಲ್ಲದು: ಕೆಲವೇ ಕೆ.ಜಿ. ತೂಕದ ಬ್ರೇಕ್ ಡಿಸ್ಕುಗಳಿಗೆ, ಇಲ್ಲವೇ ಎಂಜಿನ್ನಿಗೆ. ಡಿಸ್ಕು ಬಿಸಿಯನ್ನು ಒಡಲಲ್ಲಿ ಇಟ್ಟುಕೊಳ್ಳುತ್ತದೆ. ಎಂಜಿನ್ ಹಾಗಲ್ಲ, ಗಾಳಿಯನ್ನು ಎಳೆದು, ಒತ್ತಿ, ಹೊರದಬ್ಬುತ್ತಾ ಬಂದ ಬಿಸಿಯನ್ನು ಸೈಲೆನ್ಸರಿನಿಂದಲೂ ರೇಡಿಯೇಟರಿನಿಂದಲೂ ಆಚೆ ಹಾಕುತ್ತಲೇ ಇರುತ್ತದೆ. ಇಳಿಜಾರು ಎಷ್ಟು ಉದ್ದವಿದ್ದರೂ ಅದಕ್ಕೆ ದಣಿವಿಲ್ಲ.

ಹತ್ತಲು ಯಾವ ಗೇರು ಬೇಕೋ ಇಳಿಯಲೂ ಅದೇ ಗೇರು ಎನ್ನುವುದು ಲಾರಿ ಡ್ರೈವರುಗಳ ಹಳೇ ಲೆಕ್ಕ. ಈಗಿನ ಟರ್ಬೊ ಕಾರುಗಳಿಗೆ ಅದನ್ನು ಕೊಂಚ ತಿದ್ದಬೇಕು. ಅವು ಮೂರನೇ ಗೇರಿನಲ್ಲೇ ಸಲೀಸಾಗಿ ಹತ್ತಿಬಿಡುತ್ತವೆ, ಆದರೆ ಆ ಗೇರು ಇಳಿಯುವಾಗ ಗಾಡಿಯನ್ನು ಹಿಡಿಯುವುದಿಲ್ಲ. ಮೂರು ಸಿಲಿಂಡರಿನ ಸಣ್ಣ ಎಂಜಿನ್ನುಗಳ ಹಿಡಿತವಂತೂ ಇನ್ನೂ ಕಡಿಮೆ. ಹಾಗಾಗಿ ಹತ್ತಿದ್ದಕ್ಕಿಂತ ಒಂದು ಗೇರು ಕೆಳಗೆ. ಆಗುಂಬೆ, ಹುಲಿಕಲ್, ಚಾರ್ಮಾಡಿಗಳಲ್ಲಿ ಸಾಮಾನ್ಯ ಪೆಟ್ರೋಲ್ ಕಾರಿಗೆ ಎರಡನೇ ಗೇರೇ ಮನೆ. ಕಡಿದಾದ ತಿರುವಿನಲ್ಲಿ ಒಂದನೆಯದು ಬೇಕಾಗಬಹುದು. ಎರಡರಲ್ಲಿ 30ರಿಂದ 40 ಕಿ.ಮೀ. ವೇಗವೆಂದರೆ ಹೆಚ್ಚಿನ ಹ್ಯಾಚ್‌ಬ್ಯಾಕುಗಳಲ್ಲಿ 2,200ರಿಂದ 3,000 ಆರ್‌ಪಿಎಂ (ನಿಮಿಷಕ್ಕೆ ಎಂಜಿನ್ ಸುತ್ತುವ ಸುತ್ತು) ಆಸುಪಾಸು. ಸದ್ದು ಜೋರಾಯಿತೆಂದು ಗಾಬರಿಪಟ್ಟು ಗೇರು ಏರಿಸುವವರೇ ಹೆಚ್ಚು. ಮೀಟರಿನ ಕೆಂಪು ಗೆರೆ 6,000ದ ಹತ್ತಿರ ಇರುವಾಗ 3,000 ಎಂಜಿನ್ನಿಗೆ ಒಂದು ಲೆಕ್ಕವೇ ಅಲ್ಲ. ಎಂಜಿನ್ ಹಾಳಾಗುವುದು ಬೇರೆ ರೀತಿಯಲ್ಲಿ: 70ರ ವೇಗದಲ್ಲಿರುವಾಗ ಗಾಬರಿಯಲ್ಲಿ ಒಂದನೇ ಗೇರಿಗೆ ತಳ್ಳಿ ಕ್ಲಚ್ ಬಿಟ್ಟರೆ. ಚಕ್ರಗಳೇ ಎಂಜಿನ್ನನ್ನು ತಿರುಗಿಸುವಾಗ ಕಂಪ್ಯೂಟರಿನ ಆರ್‌ಪಿಎಂ ಮಿತಿ ಏನೂ ಮಾಡಲಾರದು.

ಆದ್ದರಿಂದ ಗೇರು ಹಾಕುವ ಜಾಗ ಇಳಿಜಾರಿನ ನಡುವೆ ಅಲ್ಲ, ಘಾಟಿಯ ನೆತ್ತಿಯಲ್ಲಿ. ಮೊದಲ ತಿರುವಿನ ಬೋರ್ಡು ಕಾಣುವ ಮುನ್ನವೇ 30ಕ್ಕಿಳಿದು ಎರಡು ಹಾಕಿಕೊಂಡರೆ ಆಮೇಲಿನದೆಲ್ಲ ಅರ್ಧ ಕೆಲಸ. ವೇಗ ಹೆಚ್ಚಿದ ಮೇಲೆ ಗೇರು ಇಳಿಸಲು ಹೋದರೆ, ಕ್ಲಚ್ ಒತ್ತಿದ ಆ ಒಂದು ಕ್ಷಣದಲ್ಲೇ ಗಾಡಿ ಇನ್ನಷ್ಟು ಓಡಿರುತ್ತದೆ.

ಇನ್ನು ನ್ಯೂಟ್ರಲ್. ಇಳಿಜಾರಲ್ಲಿ ನ್ಯೂಟ್ರಲ್ ಮಾಡಿದರೆ ಪೆಟ್ರೋಲ್ ಉಳಿಯುತ್ತದೆ ಎಂಬ ನಂಬಿಕೆ ಕಾರ್ಬ್ಯುರೇಟರ್ ಕಾಲದ್ದು. ಆಗ ಅದರಲ್ಲಿ ಹುರುಳಿತ್ತು. ಆಕ್ಸಿಲರೇಟರ್ ಬಿಟ್ಟರೂ ಗಾಳಿಯ ಎಳೆತಕ್ಕೆ ಒಂದಿಷ್ಟು ಪೆಟ್ರೋಲ್ ಹೋಗುತ್ತಲೇ ಇತ್ತು. ಇಂಜೆಕ್ಷನ್ ಗಾಡಿಯಲ್ಲಿ ವಿಷಯ ತಲೆಕೆಳಗು. ಗೇರಿನಲ್ಲಿದ್ದು ಆಕ್ಸಿಲರೇಟರಿನಿಂದ ಕಾಲು ಪೂರ್ತಿ ತೆಗೆದರೆ ಕಂಪ್ಯೂಟರ್ ಇಂಜೆಕ್ಟರುಗಳನ್ನು ಮುಚ್ಚಿಬಿಡುತ್ತದೆ, ಆರ್‌ಪಿಎಂ ಐಡ್ಲಿಂಗ್ ಸಮೀಪಕ್ಕೆ ಇಳಿಯುವ ತನಕ ತೊಟ್ಟೂ ಖರ್ಚಿಲ್ಲ. ನ್ಯೂಟ್ರಲ್ ಮಾಡಿದಿರೋ, ಎಂಜಿನ್ ಆರದಂತೆ ಐಡ್ಲಿಂಗಿಗೆ ಪೆಟ್ರೋಲ್ ಕೊಡಲೇಬೇಕು. ಆ ಕ್ಷಣದ ಮೈಲೇಜ್ ತೋರಿಸುವ ಗಾಡಿಯಿದ್ದರೆ ಗೇರಿನಲ್ಲಿ ಇಳಿಯುವಾಗ ಅಂಕಿ ತುದಿಗೆ ಹೋಗಿ ನಿಲ್ಲುವುದನ್ನು ನೀವೇ ನೋಡಬಹುದು. ಕೀಲಿ ತಿರುಗಿಸಿ ಎಂಜಿನ್ನನ್ನೇ ಆರಿಸುವವರದು ಉಳಿತಾಯವಲ್ಲ, ಜೂಜು. ಕಾಲಿನ ಬಲವನ್ನು ಹೆಚ್ಚಿಸಿಕೊಡುವ ಬ್ರೇಕ್ ಬೂಸ್ಟರಿನಲ್ಲಿ ಉಳಿದ ವ್ಯಾಕ್ಯೂಮ್ ಎರಡು ಮೂರು ಒತ್ತಿಗೆ ಮುಗಿಯುತ್ತದೆ, ಆಮೇಲೆ ಪೆಡಲ್ ಕಲ್ಲು. ಸ್ಟೇರಿಂಗಿಗೆ ಪವರ್ ಇಲ್ಲ. ಕೀಲಿ ಈಚೆ ಬಂದರೆ ಸ್ಟೇರಿಂಗ್ ಲಾಕೇ ಬೀಳಬಹುದು.

ಬ್ರೇಕನ್ನು ಹೇಗೆ ಒತ್ತಬೇಕು ಎಂಬುದರಲ್ಲೂ ಒಂದು ಅರ್ಧ ಸತ್ಯ ಓಡಾಡುತ್ತಿದೆ. ಒತ್ತಿ ಒತ್ತಿ ಬಿಟ್ಟರೆ ಬಿಸಿಯೇ ಆಗುವುದಿಲ್ಲವಂತೆ. ಇಳಿದ ಎತ್ತರ ಅಷ್ಟೇ, ಗೇರೂ ವೇಗವೂ ಅವೇ ಎಂದಾದರೆ ಬಿಸಿಯೂ ಹೆಚ್ಚುಕಡಿಮೆ ಅಷ್ಟೇ. ಒತ್ತುವ ಶೈಲಿಯಿಂದ ಭೌತಶಾಸ್ತ್ರ ಬದಲಾಗದು. ಬಿಸಿ ಕಡಿಮೆಯಾಗುವುದು ಎಂಜಿನ್ ತನ್ನ ಪಾಲು ಹೊತ್ತಾಗ ಮಾತ್ರ. ಆದರೂ ಒತ್ತಿ ಬಿಡುವುದೇ ಸರಿ, ಕಾರಣ ಬೇರೆ. ಎರಡು ಮೂರು ಸೆಕೆಂಡ್ ಗಟ್ಟಿಯಾಗಿ ಒತ್ತಿ 40ರಿಂದ 25ಕ್ಕೆ ತಂದು ಕಾಲು ಪೂರ್ತಿ ಎತ್ತಿದರೆ, ಪ್ರತಿ ಸಲವೂ ಪೆಡಲ್ ಎಷ್ಟು ಆಳಕ್ಕೆ ಹೋಯಿತು, ಎಷ್ಟು ಹಿಡಿಯಿತು ಎಂಬುದು ಪಾದಕ್ಕೆ ಗೊತ್ತಾಗುತ್ತದೆ. ಸದಾ ಪೆಡಲಿನ ಮೇಲೆ ಕಾಲಿಟ್ಟು ಕೂತವರಿಗೆ ಆ ಬದಲಾವಣೆ ತಿಳಿಯುವುದೇ ಇಲ್ಲ. ಹಿಂದೆ ಬರುವ ಗಾಡಿಯವರಿಗೂ ತೊಂದರೆ: ಉದ್ದಕ್ಕೂ ಉರಿಯುವ ಕೆಂಪು ದೀಪ ಏನನ್ನೂ ಹೇಳುವುದಿಲ್ಲ.

ಬದಲಾವಣೆ ಎರಡು ಬಗೆಯದು, ಗುರುತಿಸಲು ಬರಬೇಕು. ಪೆಡಲ್ ಎಂದಿನಷ್ಟೇ ಗಟ್ಟಿ ಇದೆ, ಜೋರಾಗಿ ಒತ್ತಿದರೂ ಗಾಡಿ ನಿಲ್ಲುತ್ತಿಲ್ಲ ಎಂದಾದರೆ ಪ್ಯಾಡು ಕಾದು ಹಿಡಿತ ಕಳೆದುಕೊಂಡಿದೆ. ಇದು ತಣಿದರೆ ಬಹುಪಾಲು ಸರಿಹೋಗುತ್ತದೆ. ಪೆಡಲ್ ಸ್ಪಂಜಿನಂತೆ ಮೆತ್ತಗಾಗಿ ತಳಕ್ಕೆ ಹೋಗುತ್ತಿದ್ದರೆ ಬ್ರೇಕ್ ಆಯಿಲ್ ಕುದಿಯುತ್ತಿದೆ. ದ್ರವವನ್ನು ಒತ್ತಿದರೆ ಅದು ಕುಗ್ಗುವುದಿಲ್ಲ, ಅದರಲ್ಲೆದ್ದ ಆವಿಯ ಗುಳ್ಳೆ ಕುಗ್ಗುತ್ತದೆ. ನಿಮ್ಮ ಕಾಲಿನ ಬಲ ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿಗೆ ತಲುಪುವ ಬದಲು ಗುಳ್ಳೆ ಹಿಸುಕುವುದರಲ್ಲೇ ಮುಗಿಯುತ್ತದೆ. ಆಗ ಮಾಡಬೇಕಾದ್ದು: ಪೆಡಲನ್ನು ಪಟಪಟ ಪಂಪ್ ಮಾಡುತ್ತಾ ಗೇರನ್ನು ಒಂದೊಂದಾಗಿ ಇಳಿಸುವುದು, ಹ್ಯಾಂಡ್ ಬ್ರೇಕಿನ ಗುಂಡಿ ಒತ್ತಿ ಹಿಡಿದೇ ಸ್ವಲ್ಪ ಸ್ವಲ್ಪವಾಗಿ ಎಳೆಯುವುದು. ಹೆಚ್ಚಿನ ಕಾರುಗಳಲ್ಲಿ ಅದು ಕೇಬಲ್ಲಿನಿಂದ ಹಿಂದಿನ ಚಕ್ರ ಹಿಡಿಯುತ್ತದೆ, ಆಯಿಲ್ ಕುದಿದದ್ದಕ್ಕೂ ಅದಕ್ಕೂ ಸಂಬಂಧವಿಲ್ಲ. ಒಮ್ಮೆಲೇ ಎಳೆದರೆ ಹಿಂಬದಿ ಜಾರುತ್ತದೆ. ಇಷ್ಟಕ್ಕೂ ನಿಲ್ಲದಿದ್ದರೆ ಗುಡ್ಡದ ಕಡೆಯ ಚರಂಡಿಗೆ ಉಜ್ಜಬೇಕೇ ಹೊರತು ಪ್ರಪಾತದ ಕಡೆ ಹೋಗಬಾರದು.

ಆಯಿಲ್ ಯಾಕೆ ಕುದಿಯಿತು? ಬಿಸಿಯಷ್ಟೇ ಕಾರಣವಲ್ಲ, ನೀರು. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಹೊಸ ಡಾಟ್ 4 (ಬ್ರೇಕ್ ಆಯಿಲಿನ ಒಂದು ದರ್ಜೆ) ಆಯಿಲ್ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು ಎನ್ನುವುದು ಮಾನದಂಡ; ಶೇ. 3.7ರಷ್ಟು ನೀರು ಸೇರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಡಾಟ್ 3ಕ್ಕೆ ಇದೇ ಅಂಕಿಗಳು 205 ಮತ್ತು 140. ಮಳೆ ಹಿಡಿದರೆ ತಿಂಗಳುಗಟ್ಟಲೆ ಬಿಡದ ಮಲೆನಾಡು ಕರಾವಳಿಯ ಗಾಡಿಗಳಲ್ಲಿ ಬ್ರೇಕ್ ಆಯಿಲನ್ನು ಕಿ.ಮೀ. ನೋಡದೆ ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ‘ಟಾಪ್ ಅಪ್ ಮಾಡಿದೀವಿ’ ಎಂದು ಬಿಲ್ಲಿನಲ್ಲಿ ಬರೆದರೆ ಬದಲಿಸಿದ್ದಾರೆ ಎಂದಲ್ಲ. ಬಾನೆಟ್ಟಿನಡಿಯ ಬ್ರೇಕ್ ಆಯಿಲ್ ಡಬ್ಬಿಯ ಮಟ್ಟ ಇಳಿದಿದ್ದರೆ ಮೊದಲು ಪ್ಯಾಡು ಸವೆದಿದೆಯೇ, ಎಲ್ಲಾದರೂ ಸೋರುತ್ತಿದೆಯೇ ನೋಡಬೇಕು, ಆಮೇಲೆ ಸುರಿಯುವುದು.

ಬದಲಿಸಲು ಇಬ್ಬರು ಬೇಕು, ಸಾಮಾನ್ಯ ಕಾರಿಗೆ ಒಂದು ಲೀಟರ್ ಸಾಕು. ಸೀಲ್ ಒಡೆಯದ ಡಬ್ಬಿಯೇ ಆಗಲಿ. ಅರ್ಧ ಬಳಸಿ ಮುಚ್ಚಿಟ್ಟದ್ದು ಆಗಲೇ ನೀರು ಕುಡಿದಿರುತ್ತದೆ. ಮೇಲಿನ ಡಬ್ಬಿಯ ಹಳೇ ಆಯಿಲನ್ನು ಸಿರಿಂಜಿನಿಂದ ಎಳೆದು ಹೊಸದು ತುಂಬಿ. ಆಮೇಲೆ ಪೆಡಲಿನ ಬಲವನ್ನು ಆಯಿಲಿಗೆ ದಾಟಿಸುವ ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಚಕ್ರದಿಂದ, ಅಂದರೆ ನಮ್ಮ ಬಲಗಡೆ ಸ್ಟೇರಿಂಗಿನ ಗಾಡಿಗಳಲ್ಲಿ ಸಾಮಾನ್ಯವಾಗಿ ಎಡ ಹಿಂಬದಿಯಿಂದ, ಶುರು. ಕೆಲವು ಕಂಪನಿಗಳು ಬೇರೆ ಕ್ರಮ ಹೇಳುತ್ತವೆ, ಮ್ಯಾನ್ಯುಯಲ್ ನೋಡಿಕೊಳ್ಳಿ. ಚಕ್ರದ ಬ್ರೇಕಿನಿಂದ ಆಯಿಲ್ ಹೊರಬಿಡುವ ಬ್ಲೀಡರ್ ನಿಪ್ಪಲ್ಲಿಗೆ ಪಾರದರ್ಶಕ ಟ್ಯೂಬ್ ಸಿಕ್ಕಿಸಿ, ಅದರ ಇನ್ನೊಂದು ತುದಿ ಬಾಟಲಿಯ ಆಯಿಲಿನಲ್ಲಿ ಮುಳುಗಿರಲಿ. ಒಳಗಿದ್ದವರು ಪೆಡಲ್ ಒತ್ತಿ ಹಿಡಿದು ‘ಹಿಡ್ದೆ’ ಎನ್ನಬೇಕು, ಹೊರಗಿದ್ದವರು ನಿಪ್ಪಲ್ ಕಾಲು ಸುತ್ತು ಬಿಚ್ಚಿ, ಹರಿದ ಮೇಲೆ ಬಿಗಿದು ‘ಬಿಡಿ’ ಎನ್ನಬೇಕು. ಬಿಗಿಯುವ ಮುನ್ನವೇ ಕಾಲು ತೆಗೆದರೆ ಗಾಳಿ ಒಳಗೆ. ಕಾಫಿ ಬಣ್ಣ ಹೋಗಿ ತಿಳಿಹಳದಿ ಬರುವವರೆಗೆ ಇದೇ ಕೆಲಸ. ಮೇಲಿನ ಡಬ್ಬಿ ಮಿನಿಮಂ ಗೆರೆಗಿಂತ ಕೆಳಗೆ ಹೋಗದಂತೆ ಐದಾರು ಒತ್ತಿಗೊಮ್ಮೆ ತುಂಬುತ್ತಿರಿ; ಚಕ್ರ ಲಾಕಾಗದಂತೆ ತಡೆಯುವ ಎಬಿಎಸ್ ಘಟಕದೊಳಗೆ ಗಾಳಿ ಹೊಕ್ಕರೆ ಅನೇಕ ಗಾಡಿಗಳಲ್ಲಿ ಸ್ಕ್ಯಾನರ್ ಇಲ್ಲದೆ ತೆಗೆಯಲಾಗದು. ಹಳೇ ಗಾಡಿಯಲ್ಲಿ ಪೆಡಲನ್ನು ತಳ ಮುಟ್ಟಿಸಬೇಡಿ, ಕೆಳಗೊಂದು ಮರದ ತುಂಡಿಡಿ. ಮಾಸ್ಟರ್ ಸಿಲಿಂಡರಿನ ಸೀಲು ಎಂದೂ ಓಡದ ಕೊನೆಯ ಭಾಗದಲ್ಲಿ ತುಕ್ಕು, ಕಸ ಕೂತಿರುತ್ತದೆ, ಅಲ್ಲಿಗೆ ತಳ್ಳಿದರೆ ಸೀಲು ಹರಿಯುತ್ತದೆ. ಪೇಂಟಿನ ಮೇಲೆ ಆಯಿಲ್ ಚೆಲ್ಲಿದರೆ ಒರೆಸುತ್ತ ಕೂರದೆ ನೀರು ಸುರಿಯಿರಿ. ಚಕ್ರ ಬಿಚ್ಚಿದಾಗಲೇ ಪ್ಯಾಡೂ ನೋಡಿಬಿಡಿ. ಲೈನಿಂಗ್ 3 ಮಿ.ಮೀ.ಗೆ ಬಂದಿದ್ದರೆ ಘಾಟಿಗೆ ಅದು ಸಾಲದು. ತೆಳುವಾದಷ್ಟೂ ಬಿಸಿ ಬೇಗ ಆಯಿಲಿಗೆ ದಾಟುತ್ತದೆ.

ಆಟೋಮ್ಯಾಟಿಕ್ ಗಾಡಿಯವರು ‘ಡಿ’ಯಲ್ಲೇ ಇಳಿಯುವುದು ಈಗ ಹೊಸ ಚಾಳಿ. ಕಾಲು ಎತ್ತಿದೊಡನೆ ಅನೇಕ ಗೇರ್‌ಬಾಕ್ಸುಗಳು ಮೇಲಿನ ಗೇರಿಗೆ ಜಿಗಿಯುತ್ತವೆ, ಗಾಡಿ ಹಿಡಿತವಿಲ್ಲದೆ ಓಡುತ್ತದೆ. ಎಎಂಟಿ (ಕ್ಲಚ್ಚು, ಗೇರನ್ನು ತಾನೇ ಹಾಕಿಕೊಳ್ಳುವ ಮ್ಯಾನ್ಯುಯಲ್ ಗೇರ್‌ಬಾಕ್ಸು) ಆದರೆ ಲಿವರನ್ನು ‘ಎಂ’ಗೆ ತಂದು ಎರಡನೇ ಗೇರು ಹಿಡಿಯಿರಿ. ಸಿವಿಟಿಯಲ್ಲಿ (ಹಂತಗಳಿಲ್ಲದ ಬೆಲ್ಟ್ ಗೇರ್‌ಬಾಕ್ಸು) ‘ಎಲ್’ ಅಥವಾ ‘ಎಸ್’, ಕೆಲವು ಹೈಬ್ರಿಡ್‌ಗಳಲ್ಲಿ ‘ಬಿ’. ಎಲೆಕ್ಟ್ರಿಕ್ ಕಾರಿಗಂತೂ ಘಾಟಿ ಒಂದು ಹಬ್ಬ, ಮೋಟಾರೇ ಡೈನಮೋ ಆಗಿ ಬ್ಯಾಟರಿ ತುಂಬುತ್ತದೆ. ಒಂದೇ ಎಚ್ಚರ: ಸಕಲೇಶಪುರದಲ್ಲೋ ಮಡಿಕೇರಿಯಲ್ಲೋ ನೂರಕ್ಕೆ ನೂರು ಚಾರ್ಜ್ ಮಾಡಿ ಇಳಿಯಬೇಡಿ. ತುಂಬಿದ ಬ್ಯಾಟರಿಗೆ ಹೊಸ ಕರೆಂಟ್ ಹಿಡಿಯದು, ಮೋಟಾರಿನ ಹಿಡಿತ ಕುಗ್ಗಿ ಭಾರವೆಲ್ಲ ಮತ್ತೆ ಡಿಸ್ಕಿನ ಮೇಲೆ ಬೀಳುತ್ತದೆ. 90ಕ್ಕೆ ನಿಲ್ಲಿಸಿದರೆ ಜಾಗ ಧಾರಾಳ.

ತಿರುವಿನ ವಿಷಯ ಚಿಕ್ಕದು. ಬ್ರೇಕ್, ಗೇರು ಎರಡೂ ತಿರುವಿಗೆ ಮುಂಚೆ ಮುಗಿಯಬೇಕು. ಒಳಗೆ ಸ್ಟೇರಿಂಗ್ ಮಾತ್ರ. ಒದ್ದೆ ರಸ್ತೆಯಲ್ಲಿ ಒಂದೇ ಟೈರಿಗೆ ತಿರುಗುವ ಕೆಲಸ, ನಿಲ್ಲಿಸುವ ಕೆಲಸ ಎರಡನ್ನೂ ಕೊಟ್ಟರೆ ಎರಡೂ ಕೆಡುತ್ತವೆ. ಹಿಂದೆ ಕೂತವರಿಗೆ ವಾಂತಿ ಬರುವುದೂ ತಿರುವಿನ ನಡುವೆ ಹೊಡೆಯುವ ಬ್ರೇಕಿನಿಂದಲೇ ಹೆಚ್ಚು; ಡ್ರೈವಿಂಗ್ ಚೆನ್ನಾಗಿತ್ತೋ ಇಲ್ಲವೋ ಎಂಬುದಕ್ಕೆ ಸ್ಪೀಡೋಮೀಟರಿಗಿಂತ ಅವರೇ ಒಳ್ಳೆಯ ಸಾಕ್ಷಿ. ರಸ್ತೆ ಕಿರಿದಾದಲ್ಲಿ ಹತ್ತಿ ಬರುವ ಗಾಡಿಗೆ ಮೊದಲ ದಾರಿ. ಇದು ಬರೀ ಮರ್ಯಾದೆಯಲ್ಲ, ನಿಯಮವೇ ಹಾಗಿದೆ. ಏರಿನಲ್ಲಿ ನಿಂತ ತುಂಬಿದ ಬಸ್ಸನ್ನು ಮತ್ತೆ ಎಬ್ಬಿಸುವುದು ಎಷ್ಟು ಕಷ್ಟ ಎಂದು ಗೊತ್ತಿರುವವರು ವಾದಕ್ಕೆ ನಿಲ್ಲುವುದಿಲ್ಲ. ಶಿರಾಡಿಯಲ್ಲಿ ಲಾರಿಯ ಹಿಂದೆ ಇಳಿಯುವಾಗ ಸುಟ್ಟ ಲೈನರಿನ ವಾಸನೆ ಬಂದರೆ ಓವರ್‌ಟೇಕ್ ಮಾಡಿ ಅದರ ಮುಂದೆ ಹೋಗಬೇಡಿ, ಹಿಂದೆಯೇ ಉಳಿಯಿರಿ.

ಕೆಳಗಿಳಿದ ಮೇಲೆ ತಕ್ಷಣ ನಿಲ್ಲಿಸದೆ ಒಂದೆರಡು ಕಿ.ಮೀ. ಬ್ರೇಕ್ ಮುಟ್ಟದೆ ಓಡಿಸಿ. ಡಿಸ್ಕಿಗೆ ಗಾಳಿಗಿಂತ ಒಳ್ಳೆಯ ಔಷಧವಿಲ್ಲ. ಝರಿಯ ನೀರು ತಂದು ಕಾದ ಚಕ್ರಕ್ಕೆ ಎರಚುವವರಿದ್ದಾರೆ. ಕಾದ ಕಬ್ಬಿಣಕ್ಕೆ ತಣ್ಣೀರು ಬಿದ್ದರೆ ಡಿಸ್ಕು ಸೊಟ್ಟಗಾಗಬಹುದು, ಬಿರುಕೂ ಬಿಡಬಹುದು. ನಿಲ್ಲಿಸುವುದಾದರೆ ಸಮತಟ್ಟು ಜಾಗ ಹುಡುಕಿ, ಹ್ಯಾಂಡ್ ಬ್ರೇಕ್ ಎಳೆಯದೆ ಗೇರಿನಲ್ಲಿ ಬಿಡಿ. ಹಿಂದಿನ ಚಕ್ರಕ್ಕೆ ಡ್ರಮ್ ಬ್ರೇಕಿದ್ದರೆ, ಕಾದು ಹಿಗ್ಗಿದ ಡ್ರಮ್ಮು ತಣಿದು ಕುಗ್ಗುವಾಗ ಲೈನರನ್ನು ಕಚ್ಚಿಕೊಳ್ಳುವುದುಂಟು. ಚಕ್ರಕ್ಕೊಂದು ಕಲ್ಲು ಕೊಟ್ಟಿರೋ, ಹೊರಡುವಾಗ ಅದನ್ನು ಎತ್ತಿ ರಸ್ತೆಯಾಚೆ ಹಾಕಿ. ರಾತ್ರಿ ಮಂಜಿನಲ್ಲಿ ಬರುವ ಬೈಕಿನವನಿಗೆ ಅದು ಕಾಣುವುದಿಲ್ಲ.