ಬರೆದವರು ನೀವು, ಸರಿ. ಹಕ್ಕು ಯಾರದು?

ನಾನು ವಕೀಲ. ಚಿತ್ರಕಾರರು ನನ್ನ ಆಫೀಸಿಗೆ ಬಂದರೆ ಮೊದಲು ಲ್ಯಾಪ್‌ಟಾಪ್ ತೆಗೆಯುತ್ತಾರೆ. ಪೆನ್ಸಿಲ್ ಸ್ಕೆಚ್, ತಾರೀಖಿರುವ ಫೈಲು, ಬಣ್ಣ ತುಂಬುತ್ತಿರುವ ವಿಡಿಯೋ, ಎಲ್ಲ ತೋರಿಸುತ್ತಾರೆ. "ಬರೆದದ್ದು ನಾನೇ ಅನ್ನೋದಕ್ಕೆ ಇನ್ನೇನು ಬೇಕು ಸರ್?" ಏನೂ ಬೇಡ. ಅದರ ಬಗ್ಗೆ ಯಾರದೂ ತಕರಾರಿಲ್ಲ. ಸಹಿ ಹಾಕಿದ ಅಗ್ರಿಮೆಂಟ್ ಎಲ್ಲಿ ಅಂದಾಗ ಮಾತ್ರ ಮುಖ ಸಪ್ಪಗಾಗುತ್ತದೆ. "ಮೇಲ್‌ನಲ್ಲಿ ಎಲ್ಲೋ ಇರಬೇಕು ಸರ್."

ಇವರಿಗೆ ಕಾಯ್ದೆ ಓದಿ ಹೇಳಿದರೆ ನಿದ್ದೆ ಬರುತ್ತದೆ. ಅದಕ್ಕೇ ನಾನು ಆಂದ್ರೆ ಫ್ರಾಂಕಾಂ ಕತೆ ಶುರು ಮಾಡುತ್ತೇನೆ. 1924ರಲ್ಲಿ ಬ್ರಸೆಲ್ಸ್‌ನ ಎಟರ್‌ಬೀಕ್‌ನಲ್ಲಿ ಹುಟ್ಟಿದ ಕಾಮಿಕ್ಸ್ ಕಲಾವಿದ. ಟಿನ್‌ಟಿನ್ ಬರೆದ ಹೆರ್ಜೆಯೇ ಈತನ ಮುಂದೆ ತಾನು ಸಾಧಾರಣ ಅಂದಿದ್ದರು.

1946ರಿಂದ 1968ರವರೆಗೆ ಫ್ರಾಂಕಾಂ ಬರೆದದ್ದು ಸ್ಪಿರೂ ಎಂಬ ಹುಡುಗನ ಸಾಹಸಗಳನ್ನು. ಓದುಗರಿಗೆ ಸ್ಪಿರೂ ಅಂದರೆ ಫ್ರಾಂಕಾಂ. ಆದರೆ ಪಾತ್ರ ಅವರದಲ್ಲ. 1938ರಲ್ಲಿ ರಾಬ್-ವೆಲ್ ಎಂಬ ಕಲಾವಿದ ಸೃಷ್ಟಿಸಿದ್ದು, 1943ರಲ್ಲಿ ಪತ್ರಿಕೆಯ ಪ್ರಕಾಶಕ ದ್ಯುಪುಯಿ ಕೊಂಡುಕೊಂಡದ್ದು. ಈ ನಡುವೆ 1952ರಲ್ಲಿ ಅದೇ ಸರಣಿಯಲ್ಲಿ ಫ್ರಾಂಕಾಂ ಒಂದು ಹೊಸ ಪ್ರಾಣಿಯನ್ನು ತಂದರು. ಹಳದಿ ಮೈ, ಕಪ್ಪು ಚುಕ್ಕೆ, ಎಂಟು ಮೀಟರ್ ಬಾಲ. ಹೆಸರು ಮಾರ್ಸುಪಿಲಾಮಿ. ಇದರ ಹಕ್ಕನ್ನು ತಮ್ಮ ಕೈಯಲ್ಲೇ ಇಟ್ಟುಕೊಂಡರು.

ಈಗ ನೋಡಿ. ಅದೇ ಪತ್ರಿಕೆ, ಅದೇ ಪುಟ, ಅದೇ ಕೈ. ಸ್ಪಿರೂ ಬಿಟ್ಟು ಹೊರಟಾಗ ಹುಡುಗ ಪ್ರಕಾಶಕರ ಬಳಿ ಉಳಿದ, ಪ್ರಾಣಿ ಫ್ರಾಂಕಾಂ ಜೊತೆ ಹೋಯಿತು. ಮುಂದೆ ಸ್ಪಿರೂ ಬರೆಯಲು ಬಂದ ಫೂರ್ನಿಯೆ ಮೊದಲ ಕತೆಯ ನಂತರ ಅದನ್ನು ಬಳಸುವಂತಿರಲಿಲ್ಲ. 1980ರ ದಶಕದಲ್ಲಿ ಅದರ ಹೆಸರಲ್ಲೇ ಬೇರೆ ಕಂಪನಿ ಹುಟ್ಟಿತು. 2013ರಲ್ಲಿ ದ್ಯುಪುಯಿ ಆ ಕಂಪನಿಯನ್ನೇ ಕೊಂಡ ಮೇಲೆ ಮಾರ್ಸುಪಿಲಾಮಿ ಮತ್ತೆ ಸ್ಪಿರೂ ಕತೆಗೆ ಬಂತು. ಎರಡರ ನಡುವೆ ಇದ್ದ ವ್ಯತ್ಯಾಸ ಗೆರೆಯದಲ್ಲ, ಕಾಗದದ್ದು.

ನಮ್ಮ 1957ರ ಕಾಪಿರೈಟ್ ಕಾಯ್ದೆಯಲ್ಲೂ, ಬೇರೆ ಒಪ್ಪಂದ ಇಲ್ಲದಿದ್ದರೆ, ಸಂಬಳದ ಕೆಲಸದಲ್ಲಿ ಬರೆದದ್ದು ಸಾಮಾನ್ಯವಾಗಿ ಮಾಲೀಕರಿಗೆ ಸೇರುತ್ತದೆ. ಪತ್ರಿಕೆಯ ನೌಕರರಿಗೆ ಸ್ವಲ್ಪ ಬೇರೆ ನಿಯಮ ಇದೆ. ಹಕ್ಕು ಬರೆದುಕೊಡುವುದಾದರೆ ಲಿಖಿತವಾಗಿರಬೇಕು. ಅವಧಿ ಹಾಕದಿದ್ದರೆ 5 ವರ್ಷ, ಯಾವ ಪ್ರದೇಶ ಅಂತ ಹಾಕದಿದ್ದರೆ ಭಾರತ ಮಾತ್ರ. ಮೂಲ ಚಿತ್ರ ನಿಮ್ಮ ಮನೆ ಬೀರುವಿನಲ್ಲಿದೆ ಅಂದ ಮಾತ್ರಕ್ಕೆ ಹಕ್ಕೂ ಅಲ್ಲೇ ಇದೆ ಅಂತಲ್ಲ. ಇಷ್ಟು ಹೇಳಬಲ್ಲೆ. ನಿಮ್ಮ ಅಗ್ರಿಮೆಂಟ್ ಓದದೆ ಇದಕ್ಕಿಂತ ಜಾಸ್ತಿ ಹೇಳಲಾರೆ.

ಫ್ರಾಂಕಾಂ ಜಾಣ ಅಂದುಕೊಳ್ಳಬೇಡಿ. 1955ರಲ್ಲಿ ದ್ಯುಪುಯಿ ಜೊತೆ ಕರಾರಿನ ವಿಷಯಕ್ಕೆ ಜಗಳ ಆಯಿತು. ಸಿಟ್ಟಿನಲ್ಲಿ ಎದುರಾಳಿ ಟಿನ್‌ಟಿನ್ ಪತ್ರಿಕೆಗೆ ಹೋಗಿ 5 ವರ್ಷಕ್ಕೆ ಸಹಿ ಹಾಕಿಬಿಟ್ಟರು. ಸ್ವಲ್ಪದರಲ್ಲೇ ಹಳೆಯ ಮಾಲೀಕರ ಜೊತೆ ರಾಜಿಯಾಯಿತು. ಸಹಿ ಮಾತ್ರ ಅಳಿಸಲಾಗಲಿಲ್ಲ. 1959ರವರೆಗೆ ಎರಡೂ ಕಡೆ ಬರೆದರು ಪಾಪ. ಸಿಟ್ಟು ಬಂದ ದಿನ ಪೆನ್ನು ಹಿಡಿಯಬೇಡಿ ಅಂದರೆ ನನ್ನ ಹುಡುಗರು ನಗುತ್ತಾರೆ.

ಆ ಗಡಿಬಿಡಿಯ ನಡುವೆಯೇ, 1957ರಲ್ಲಿ, ಗಾಸ್ತೋ ಹುಟ್ಟಿದ. ಪತ್ರಿಕೆಯ ಆಫೀಸಿನಲ್ಲಿ ನಿದ್ದೆ ಹೊಡೆಯುವ ಸೋಮಾರಿ. ಡಿ ಮೆಸ್ಮೇಕರ್ ಎಂಬ ದೊಡ್ಡ ವ್ಯಾಪಾರಿ ಕರಾರಿಗೆ ಸಹಿ ಹಾಕಲು ಬರುತ್ತಾನೆ. ಕಾಗದ ಮೇಜಿನ ಮೇಲಿರುತ್ತದೆ. ಇನ್ನೇನು ಸಹಿ ಬೀಳಬೇಕು, ಗಾಸ್ತೋ ಮಾಡಿಟ್ಟ ಏನೋ ಎಡವಟ್ಟಿಗೆ ಎಲ್ಲ ಹಾಳು. ಆ ಕರಾರು ಯಾವುದರದ್ದು ಅಂತ ಓದುಗರಿಗೆ ತಿಳಿಯುವುದೇ ಇಲ್ಲ. ವಕೀಲನಾಗಿ ನನಗೆ ಇದಕ್ಕಿಂತ ನಗು ತರಿಸುವ ಕಾಮಿಕ್ಸ್ ಇಲ್ಲ.

ಇದೇ ಗಾಸ್ತೋ ಮುಂದೆ ವ್ಯಾಜ್ಯಕ್ಕೆ ಸಿಕ್ಕಿದ. ತನ್ನ ನಂತರ ಅವನನ್ನು ಬೇರೆಯವರು ಬರೆಯುವುದು ಬೇಡ ಅಂತ ಫ್ರಾಂಕಾಂ ಹೇಳಿದ್ದರು. ಆದರೆ 1992ರಲ್ಲಿ ಹಕ್ಕನ್ನು, ಮುಂದೆ ದ್ಯುಪುಯಿ ಕೊಂಡ ಆ ಮಾರ್ಸುಪಿಲಾಮಿ ಹೆಸರಿನ ಕಂಪನಿಗೆ ಮಾರಿದ್ದರು, 1997ರಲ್ಲಿ ತೀರಿಕೊಂಡರು. 2022ರಲ್ಲಿ ದ್ಯುಪುಯಿ ಗಾಸ್ತೋನ ಹೊಸ ಆಲ್ಬಂ, ಅಂದರೆ ಕಾಮಿಕ್ಸ್ ಪುಸ್ತಕ, ಘೋಷಿಸಿದಾಗ ಮಗಳು ವಿರೋಧಿಸಿದರು. ಪ್ರಕಾಶಕರಿಗೆ ಹಕ್ಕಿದೆ, ಆದರೆ ಮಗಳನ್ನೂ ಕೇಳಬೇಕಿತ್ತು ಅಂತ ಮಧ್ಯಸ್ಥರು ತೀರ್ಮಾನಿಸಿದರು. 2023ರ ನವೆಂಬರ್‌ನಲ್ಲಿ, ದೆಲಾಫ್ ಎಂಬ ಕಲಾವಿದ ಬರೆದ ಆ ಆಲ್ಬಂ ಅಂಗಡಿಗೆ ಬಂತು.

ನಮ್ಮ ಕಾಪಿರೈಟ್ ಕಾಯ್ದೆಯಲ್ಲೂ ಸೆಕ್ಷನ್ 57 ಇದೆ. ಹಕ್ಕು ಮಾರಿದ ಮೇಲೂ ಬರೆದವರು ನಾವೇ ಅಂತ ಹೆಸರು ಹಾಕಿಸಿಕೊಳ್ಳಲು ಕೇಳಬಹುದು, ಮಾನಕ್ಕೆ ಕುಂದು ಬರುವಂತೆ ಚಿತ್ರ ತಿರುಚಿದರೆ ಆಕ್ಷೇಪಿಸಬಹುದು. ಮಾರಿದ್ದನ್ನು ವಾಪಸ್ ಕೊಡಿಸುವ ಸೆಕ್ಷನ್ ಅದಲ್ಲ. ಆದ್ದರಿಂದ ಮುಂದಿನ ಸಲ ಬರುವಾಗ ಲ್ಯಾಪ್‌ಟಾಪ್ ಮನೆಯಲ್ಲಿರಲಿ, ಆ ಮೇಲ್ ಹುಡುಕಿ ಪ್ರಿಂಟ್ ತನ್ನಿ.