ಪದ ಪರಿಚಯ: ಲಂಗರಿನ ಹಿಡಿತ ಅಂದರೇನು?

ಲಂಗರು ಭಾರವಾಗಿರುತ್ತದೆ, ಆ ಭಾರಕ್ಕೇ ದೋಣಿ ನಿಲ್ಲುತ್ತದೆ ಅಂತ ತುಂಬಾ ಜನ ಅಂದುಕೊಂಡಿರುತ್ತಾರೆ. ಲೆಕ್ಕ ಹಾಕಿ ನೋಡಿದರೆ ಅದು ತಾಳೆಯಾಗುವುದಿಲ್ಲ. 40 ಅಡಿಯ ಹಾಯಿದೋಣಿಯ ಮೂತಿಯಲ್ಲಿ ಸಾಮಾನ್ಯವಾಗಿ 20ರಿಂದ 25 ಕೆಜಿಯ ಲಂಗರು ಇರುತ್ತದೆ. 20 ಕೆಜಿ ಉಕ್ಕು ನೀರಿಗಿಳಿದ ಮೇಲೆ ಸುಮಾರು 17 ಕೆಜಿಯಷ್ಟೇ ತೂಗುತ್ತದೆ. ಅದೇ ದೋಣಿಯನ್ನು 30 ನಾಟ್ ಗಾಳಿ, ಅಂದರೆ ಗಂಟೆಗೆ ಸುಮಾರು 55 ಕಿಲೋಮೀಟರ್ ವೇಗದ ಗಾಳಿ ಹಿಂದಕ್ಕೆ ತಳ್ಳುವಾಗ ಲಂಗರಿನ ಮೇಲೆ ಸುಮಾರು 540 ಕೆಜಿ ಎಳೆತ ಬೀಳಬಹುದು ಎನ್ನುತ್ತದೆ ಅಮೆರಿಕನ್ ಬೋಟ್ ಅಂಡ್ ಯಾಟ್ ಕೌನ್ಸಿಲ್‌ನ ಕೋಷ್ಟಕ. ಬರೀ 17 ಕೆಜಿ ಅರ್ಧ ಟನ್ನನ್ನು ಹೇಗೆ ತಡೆಯುತ್ತದೆ? ಮಣ್ಣಲ್ಲಿ ಹೂತುಕೊಂಡು. ಹೂತ ಲಂಗರು ಕಿತ್ತು ಬರಬೇಕಾದರೆ ತನ್ನ ಮುಂದಿನ, ಮೇಲಿನ ಮಣ್ಣನ್ನೆಲ್ಲ ಸರಿಸಬೇಕು. ಆ ಮಣ್ಣು ಅಷ್ಟು ಸುಲಭಕ್ಕೆ ಜಾಗ ಬಿಡುವುದಿಲ್ಲ. ಲಂಗರಿನ ಹಿಡಿತ ಅಂದರೆ ಇದೇ.

ತಿಂಗಳುಗಟ್ಟಲೆ ದೋಣಿಯಲ್ಲೇ ಅಡುಗೆ, ನಿದ್ದೆ ಮಾಡುತ್ತಾ ಕರಾವಳಿ ಸುತ್ತುವವರಿಗೆ, ಅಂದರೆ ಕ್ರೂಸಿಂಗ್ ಮಾಡುವವರಿಗೆ, ಹಾಯಿಗಿಂತ ಇದರ ಚಿಂತೆಯೇ ಜಾಸ್ತಿ. ಹಾಯಿ ಹರಿದರೆ ಹೊಲಿಯಬಹುದು. ರಾತ್ರಿ ಎಲ್ಲರೂ ಮಲಗಿದ್ದಾಗ ಲಂಗರು ಜಾರಿದರೆ ದೋಣಿ ಬಂಡೆಗೋ ದಡಕ್ಕೋ ಹೋಗಿ ಬೀಳುತ್ತದೆ. ಇನ್ನೊಂದು ವಿಷಯ, ಗಾಳಿಯ ವೇಗ ಎರಡು ಪಟ್ಟಾದರೆ ಎಳೆತ ನಾಲ್ಕು ಪಟ್ಟಾಗುತ್ತದೆ. ಸಂಜೆ 15 ನಾಟ್‌ನಲ್ಲಿ ಆರಾಮಾಗಿ ನಿಂತ ದೋಣಿ ನಡುರಾತ್ರಿಯ 30 ನಾಟ್‌ನಲ್ಲೂ ನಿಲ್ಲುತ್ತದೆ ಅನ್ನುವ ಖಾತ್ರಿ ಇಲ್ಲ.

ಮೆಕ್ಸಿಕೋದ ಕಾಬೋ ಸಾನ್ ಲೂಕಾಸ್‌ನಲ್ಲಿ 1982ರ ಡಿಸೆಂಬರ್‌ನಲ್ಲಿ ಆಗಿದ್ದು ಇದೇ. ಅಲ್ಲಿ ದಡದಿಂದ ಸ್ವಲ್ಪ ದೂರ ಹೋದರೆ ಸಾಕು, ತಳ ಕಡಿದಾಗಿ ಇಳಿದುಬಿಡುತ್ತದೆ. ಹಾಗಾಗಿ ಹಾಯಿದೋಣಿಗಳೆಲ್ಲ ದಡಕ್ಕೆ ಹತ್ತಿರ, ಒಂದಕ್ಕೊಂದು ಅಂಟಿಕೊಂಡಂತೆ ಲಂಗರು ಹಾಕಿದ್ದವು. ಕಡಲ ಕಡೆಯಿಂದ ಬಿರುಗಾಳಿ ಎದ್ದಿತು. ಒಂದೇ ರಾತ್ರಿಯಲ್ಲಿ 25ಕ್ಕೂ ಹೆಚ್ಚು ದೋಣಿಗಳು ಮರಳಿಗೆ ಬಂದು ಬಿದ್ದವು. ಅದರಲ್ಲಿ ಫ್ರಾನ್ಸಿನ ಹೆಸರಾಂತ ನಾವಿಕ ಬರ್ನಾರ್ ಮ್ವಾತೆಸ್ಯೆ ಅವರ ‘ಜೋಶುವಾ’ ಕೂಡ ಇತ್ತು. ಒಬ್ಬರೇ ಎಲ್ಲೂ ನಿಲ್ಲದೆ ಭೂಮಿ ಸುತ್ತಬೇಕಿದ್ದ 1968ರ ಗೋಲ್ಡನ್ ಗ್ಲೋಬ್ ರೇಸಿನಲ್ಲಿ ಗೆಲ್ಲುವ ಸಾಧ್ಯತೆ ಇದ್ದಾಗ ಸ್ಪರ್ಧೆಯನ್ನೇ ಬಿಟ್ಟು ತಾಹಿತಿಗೆ ಹೋದರಲ್ಲ, ಅದೇ ಮನುಷ್ಯ. (ನಮ್ಮ ನೌಕಾಪಡೆಯಲ್ಲಿದ್ದ ಅಭಿಲಾಷ್ ಟೋಮಿ 2018ರಲ್ಲಿ ಮತ್ತು 2022ರಲ್ಲಿ ಇಳಿದದ್ದು ಆ ರೇಸಿನ ಹೊಸ ಆವೃತ್ತಿಗೆ.) ಒಂದೂವರೆ ಸುತ್ತು ಭೂಮಿ ಸುತ್ತಿದ ದೋಣಿ ಲಂಗರು ಹಾಕಿದ ಜಾಗದಲ್ಲೇ ದಡಕ್ಕೆ ಬಿತ್ತು. ನುರಿತವರಿಗೂ ಹೀಗಾಗುತ್ತದೆ ಅಂದಮೇಲೆ ಬ್ರಾಂಡ್ ನೋಡಿ ಲಂಗರು ಕೊಂಡು ನೆಮ್ಮದಿಯಾಗಿ ಇರುವುದು ಕಷ್ಟ, ಅಲ್ವಾ?

ನನ್ನ ಪ್ರಕಾರ ಅಂಗಡಿಗೆ ಹೋಗುವ ಮೊದಲು ಕೇಳಿಕೊಳ್ಳಬೇಕಾದದ್ದು ಒಂದೇ: ನಾವು ರಾತ್ರಿ ಕಳೆಯುವ ಕಡೆ ತಳ ಎಂಥದು? ನಾವಿಕರ ನಕ್ಷೆಯಲ್ಲಿ ಆಳದ ಅಂಕಿಯ ಪಕ್ಕ ಸಣ್ಣ ಅಕ್ಷರಗಳಿರುತ್ತವೆ. ಎಸ್ ಅಂದರೆ ಮರಳು, ಎಂ ಅಂದರೆ ಕೆಸರು, ಆರ್ ಅಂದರೆ ಬಂಡೆ. ಹಿಂದಿನವರು ಆಳ ನೋಡುವ ಸೀಸದ ಗುಂಡಿನ ತಳದಲ್ಲಿ ಒಂದು ಗುಳಿ ಮಾಡಿ ಅದಕ್ಕೆ ಪ್ರಾಣಿಯ ಕೊಬ್ಬು ಮೆತ್ತುತ್ತಿದ್ದರು. ಗುಂಡು ಮೇಲೆ ಬಂದಾಗ ಕೊಬ್ಬಿಗೆ ಮರಳು ಅಂಟಿದೆಯೋ, ಚಿಪ್ಪಿನ ಚೂರು ಅಂಟಿದೆಯೋ, ಏನೂ ಅಂಟದೆ ಬಂಡೆಯ ಗುರುತಷ್ಟೇ ಇದೆಯೋ ನೋಡುತ್ತಿದ್ದರು. ಗಟ್ಟಿ ಮರಳು, ಜೇಡಿಮಣ್ಣು ಒಳ್ಳೆಯ ಹಿಡಿತ ಕೊಡುತ್ತವೆ. ತೆಳು ಕೆಸರಲ್ಲಿ ಲಂಗರು ಬೆಣ್ಣೆಯೊಳಗೆ ಚಾಕು ಹೋದಂತೆ ಜಾರುತ್ತದೆ. ಬಂಡೆಯ ಮೇಲೆ ಹೂಳುವ ಮಾತೇ ಇಲ್ಲ, ಎಲ್ಲೋ ಒಂದು ಸಂದಿಗೆ ಸಿಕ್ಕಿಕೊಂಡರೆ ಉಂಟು, ಇಲ್ಲದಿದ್ದರೆ ಇಲ್ಲ. ಕಡಲ ಹುಲ್ಲು ಇನ್ನೂ ಮೋಸದ್ದು. ಬೇರಿನ ಹೆಣಿಗೆ ದಾಟಿ ಹೆಚ್ಚಿನ ಲಂಗರುಗಳ ತುದಿ ಮಣ್ಣಿಗೆ ಇಳಿಯುವುದೇ ಇಲ್ಲ. ಮೆಡಿಟರೇನಿಯನ್‌ನ ಪೊಸಿಡೋನಿಯಾ ಹುಲ್ಲಂತೂ ಲಂಗರಿನಿಂದ ಒಮ್ಮೆ ಕಿತ್ತುಹೋದರೆ ಮತ್ತೆ ಹಬ್ಬುವುದು ಬಹಳ ನಿಧಾನ. ಸ್ಪೇನಿನ ಬಾಲಿಯಾರಿಕ್ ದ್ವೀಪಗಳಲ್ಲಿ 2018ರ ಕಾಯ್ದೆಯ ಪ್ರಕಾರ ಅದರ ಮೇಲೆ ಲಂಗರು ಹಾಕುವಂತಿಲ್ಲ. ಅಲ್ಲಿ ತಿಳಿನೀರಿನಲ್ಲಿ ಬೆಳ್ಳಗೆ ಕಾಣುವ ಮರಳಿನ ತೇಪೆ ಹುಡುಕಿಯೇ ಲಂಗರು ಬಿಡಬೇಕು.

ಈಗ ಆಕಾರಗಳಿಗೆ ಬರೋಣ. ಹಚ್ಚೆಯಲ್ಲಿ, ಟೋಪಿಯ ಮೇಲೆ ಕಾಣುವ ಅಡ್ಡದಂಡದ ಹಳೇ ಲಂಗರು ಬಂಡೆ, ಹುಲ್ಲುಗಳಲ್ಲಿ ಈಗಲೂ ಒಳ್ಳೆಯದೇ. ಆದರೆ ಮಣ್ಣಿಗೆ ಚುಚ್ಚುವ ಅದರ ಅಲಗು ಕಿರಿದು, ಮರಳಲ್ಲಿ ಹಿಡಿತ ಬೇಕಾದರೆ ತೂಕ ಸಿಕ್ಕಾಪಟ್ಟೆ ಏರಿಸಬೇಕು. ಈ ಕಾಟದಿಂದ ತಪ್ಪಿಸಿಕೊಳ್ಳಲು ದಾರಿ ಹುಡುಕಿದವರು ಕೇಂಬ್ರಿಡ್ಜಿನ ಜೆಫ್ರಿ ಇಂಗ್ರಾಮ್ ಟೇಲರ್. ದ್ರವಗಳ ಹರಿವಿನ ಬಗ್ಗೆ ಕೆಲಸ ಮಾಡಿದ ದೊಡ್ಡ ಭೌತವಿಜ್ಞಾನಿ. ಹಾಯಿದೋಣಿಯ ಹುಚ್ಚು ಎಷ್ಟಿತ್ತೆಂದರೆ 1927ರಲ್ಲಿ ತಮ್ಮ ‘ಫ್ರಾಲಿಕ್’ ದೋಣಿಯಲ್ಲಿ ನಾರ್ವೆಯ ಲೋಫೋಟೆನ್ ದ್ವೀಪಗಳವರೆಗೆ ಹೋಗಿ ಬಂದಿದ್ದರು. ಅವರು 1933ರಲ್ಲಿ ಪೇಟೆಂಟ್ ಮಾಡಿಸಿದ ಸಿಕ್ಯೂಆರ್ ಲಂಗರಿಗೆ ನೇಗಿಲಿನ ಆಕಾರ, ಸರಪಳಿ ಕಟ್ಟುವ ದಂಡಕ್ಕೆ ಒಂದು ಕೀಲು. ದೋಣಿ ಅತ್ತಿತ್ತ ತಿರುಗಿದರೆ ದಂಡವಷ್ಟೇ ತಿರುಗುತ್ತದೆ, ಅಲಗು ಕೀಳುವುದಿಲ್ಲ. ಹಳೆಯದರ ಪಕ್ಕದಲ್ಲಿಟ್ಟರೆ ತೂಕ ತುಂಬಾ ಕಡಿಮೆ. ಹಲವು ದಶಕ ಕ್ರೂಸಿಂಗ್ ದೋಣಿ ಅಂದರೆ ಸಿಕ್ಯೂಆರ್ ಅನ್ನುವಂತಿತ್ತು.

ಆದರೆ ನೇಗಿಲಿನ ಕೆಲಸ ಏನು? ಮಣ್ಣನ್ನು ಸೀಳಿ ಎರಡೂ ಬದಿಗೆ ತಳ್ಳಿ ಮುಂದೆ ಹೋಗುವುದು. ದೋಣಿಯವನಿಗೆ ಬೇಕಾದದ್ದು ಮುಂದೆ ಹೋಗದಿರುವುದು! ಅದಕ್ಕೆ ಹಾರೆಗಿಂತ, ನೇಗಿಲಿಗಿಂತ ಸಲಿಕೆ ಮೇಲು. ಮಣ್ಣನ್ನು ಒಳಗೆ ತುಂಬಿಕೊಂಡು ನಿಲ್ಲುತ್ತದೆ. ಈಗಿನ ಹೊಸ ತಲೆಮಾರಿನ ಲಂಗರುಗಳ ಗುಟ್ಟು ಇದೇ, ಅಲಗು ಒಳಬಾಗು, ತುದಿ ಚೂಪು. ಫ್ರಾನ್ಸಿನ ಸ್ಪೇಡ್ ಲಂಗರಿನ ತುದಿಯಲ್ಲಿ ಸೀಸ ತುಂಬಿರುತ್ತದೆ, ಹಾಗಾಗಿ ಮೂಗು ಮೊದಲು ನೆಲಕ್ಕೆ ಚುಚ್ಚುತ್ತದೆ. ನ್ಯೂಜಿಲೆಂಡಿನ ಪೀಟರ್ ಸ್ಮಿತ್ ರೂಪಿಸಿದ ರೋಕ್ನಾಗೆ ಬೆನ್ನ ಮೇಲೊಂದು ಬಳೆಯಂಥ ಕಂಬಿ. ತಲೆಕೆಳಗಾಗಿ ಬಿದ್ದರೂ ಆ ಕಂಬಿ ಅದನ್ನು ಹೊರಳಿಸಿ ಸರಿಯಾದ ಮಗ್ಗುಲಿಗೆ ತರುತ್ತದೆ. ಒಂದೇ ಲಂಗರು ಕೊಳ್ಳುವುದಾದರೆ ನಾನು ಕೈ ತೋರಿಸುವುದು ಈ ಗುಂಪಿನ ಕಡೆಗೇ.

ಇವೆರಡರ ನಡುವೆ ಇನ್ನಿಬ್ಬರಿದ್ದಾರೆ. ಎರಡನೇ ಮಹಾಯುದ್ಧದಲ್ಲಿ ಸೈನಿಕರನ್ನು ದಡಕ್ಕಿಳಿಸುವ ದೋಣಿಗಳಿಗೆ ಬಳಸಿದ ಡ್ಯಾನ್‌ಫೋರ್ತ್. ಎರಡು ಅಗಲ ಹಲಗೆಯ ಚಪ್ಪಟೆ ಲಂಗರು. ಮರಳು, ಕೆಸರಲ್ಲಿ ತೂಕಕ್ಕೆ ಹೋಲಿಸಿದರೆ ಇದರ ಹಿಡಿತ ಅದ್ಭುತ. ಗಾಳಿ ದಿಕ್ಕು ಬದಲಿಸಿದಾಗ ಮಾತ್ರ ಕಿತ್ತುಬಂದು, ಸಂದಿಗೆ ಒಂದು ಚಿಪ್ಪು ಸಿಕ್ಕಿದರೂ ಮತ್ತೆ ಚುಚ್ಚದೆ ಸುಮ್ನೆ ಜಾರುತ್ತಾ ಹೋಗಬಹುದು. ಇದೇ ಆಕಾರದ ಅಲ್ಯೂಮಿನಿಯಂ ಫೋರ್ಟ್ರೆಸ್‌ನಲ್ಲಿ ಹಲಗೆಯ ಕೋನವನ್ನು ಮರಳಿಗೆ 32 ಡಿಗ್ರಿ, ಮೆತ್ತನೆ ಕೆಸರಿಗೆ 45 ಡಿಗ್ರಿ ಅಂತ ಬದಲಿಸಿಕೊಳ್ಳಬಹುದು. ಇನ್ನೊಂದು 1970ರ ದಶಕದ ಬ್ರೂಸ್, ತೈಲಬಾವಿಯ ಕಟ್ಟೆಗಳ ಲಂಗರಿನ ಸಂತಾನ. ಮೂರು ಉಗುರಿನ ಪಂಜ. ಬೇಗ ಕಚ್ಚುತ್ತದೆ, ಆದರೆ ಎಳೆತ ಜಾಸ್ತಿಯಾದಾಗ ಅದೇ ತೂಕದ ಹೊಸ ಲಂಗರುಗಳಷ್ಟು ತಡೆಯುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ಅರ್ಧ ಕಥೆ ಸರಪಳಿಯಲ್ಲಿದೆ. ಲಂಗರನ್ನು ನೆಲಕ್ಕೆ ಸಮನಾಗಿ ಎಳೆದರೆ ಅದು ಇನ್ನಷ್ಟು ಹೂಳುತ್ತದೆ. ಮೇಲಕ್ಕೆ ಎಳೆದರೆ ಕಿತ್ತು ಬರುತ್ತದೆ. ಲಂಗರು ಎತ್ತುವಾಗ ನಾವು ಮಾಡುವುದೂ ಅದನ್ನೇ. ಅದಕ್ಕೇ ಸರಪಳಿಯನ್ನು ಆಳದ ಎಷ್ಟು ಪಟ್ಟು ಬಿಟ್ಟಿದ್ದೇವೆ ಅನ್ನುವುದು ಮುಖ್ಯ. ಇದನ್ನು ಸ್ಕೋಪ್ ಅನ್ನುತ್ತಾರೆ. ಸರಪಳಿಯಾದರೆ 5 ಪಟ್ಟು, ಹಗ್ಗವಾದರೆ 7 ಪಟ್ಟು ರೂಢಿ. ಜೋರು ಗಾಳಿಯಲ್ಲಿ ಸರಪಳಿ ಪೂರ್ತಿ ಬಿಗಿದು ನೆಟ್ಟಗಾದಾಗ 5 ಪಟ್ಟಿಗೆ ಎಳೆತದ ಕೋನ ಹನ್ನೊಂದೂವರೆ ಡಿಗ್ರಿ, 3 ಪಟ್ಟಿಗೆ ಹತ್ತೊಂಬತ್ತೂವರೆ ಡಿಗ್ರಿ.

ಎಡವುವುದು ಆಳದ ಲೆಕ್ಕದಲ್ಲಿ. ಇಳಿತದ ಹೊತ್ತಿಗೆ ಬಂದಿದ್ದೀರಿ, ಯಂತ್ರ 5 ಮೀಟರ್ ಆಳ ತೋರಿಸುತ್ತಿದೆ ಅಂದುಕೊಳ್ಳಿ. ಐದೈದ್ಲ ಇಪ್ಪತ್ತೈದು ಅಂತ 25 ಮೀಟರ್ ಬಿಟ್ಟು ಮಲಗಿದರೆ ಆಯಿತಾ? ನೀರಿನ ಮಟ್ಟದಿಂದ ದೋಣಿಯ ಮೂತಿ 1.2 ಮೀಟರ್ ಎತ್ತರ ಇದೆ. ಉಬ್ಬರಕ್ಕೆ ನೀರು 2 ಮೀಟರ್ ಏರುತ್ತದೆ. ಒಟ್ಟು 8.2 ಮೀಟರ್. ನಡುರಾತ್ರಿ ನಿಮ್ಮ 25 ಮೀಟರ್ ಬರೀ 3 ಪಟ್ಟಿಗೆ ಇಳಿದಿರುತ್ತದೆ. ಬಿಡಬೇಕಾಗಿದ್ದದ್ದು 41 ಮೀಟರ್. ಈ 2 ಮೀಟರ್ ಉಬ್ಬರ ನಮ್ಮ ಕಾರವಾರದ ಕಡೆಯ ಸುಮಾರು ಲೆಕ್ಕ. ಫ್ರಾನ್ಸಿನ ಸೇಂಟ್ ಮಾಲೋದಲ್ಲಿ ದೊಡ್ಡ ಉಬ್ಬರವಿಳಿತದ ವ್ಯತ್ಯಾಸ 12 ಮೀಟರ್ ಮುಟ್ಟುತ್ತದೆ, ಅಲ್ಲಿ ಈ ತಪ್ಪು ಮಾಡಿದವರ ಗತಿ ಊಹಿಸಿಕೊಳ್ಳಿ.

ಲಂಗರು ಬಿಡುವಾಗ ಸರಪಳಿಯನ್ನೆಲ್ಲ ಒಂದೇ ಕಡೆ ರಾಶಿ ಸುರಿಯಬಾರದು. ಲಂಗರು ತಳ ಮುಟ್ಟಿದ ಮೇಲೆ ದೋಣಿ ಮೆಲ್ಲಗೆ ಹಿಂದೆ ಸರಿಯುತ್ತಿರುವಂತೆ ಸರಪಳಿ ಬಿಡುತ್ತಾ ಹೋಗಬೇಕು. ಪೂರ್ತಿ ಬಿಟ್ಟಾದ ಮೇಲೆ ಎಂಜಿನನ್ನು ರಿವರ್ಸಿಗೆ ಹಾಕಿ ನಿಧಾನಕ್ಕೆ ಎಳೆಯಬೇಕು. ಆಗ ಮೂತಿಯಲ್ಲಿ ಕೂತವರು ಸರಪಳಿಯ ಮೇಲೆ ಅಂಗೈ ಇಟ್ಟು ನೋಡುತ್ತಾರೆ. ಗರಗರ ಅಂತ ನಡುಗುತ್ತಿದ್ದರೆ ಲಂಗರು ತಳವನ್ನು ಕೆರೆಯುತ್ತಾ ಬರುತ್ತಿದೆ. ನಡುಕ ನಿಂತು ಸರಪಳಿ ಬಿಗಿದು ದೋಣಿ ತಟಸ್ಥವಾದರೆ ಕಚ್ಚಿದೆ ಅಂತ. ದಡದ ಮೇಲಿನ ಒಂದು ತೆಂಗಿನಮರ, ಅದರ ಹಿಂದಿನ ಒಂದು ಮನೆ ಒಂದೇ ಗೆರೆಯಲ್ಲಿವೆಯೇ ನೋಡಿಟ್ಟುಕೊಂಡರೆ ಇನ್ನೂ ಒಳ್ಳೆಯದು. ಎಂಜಿನ್ ಎಳೆಯುವಾಗ ಆ ಗೆರೆ ಕದಲಬಾರದು. ದೋಣಿ ಜಾರಿದರೆ ಕೂಗುವ ಅಲಾರಾಂ ಆ್ಯಪ್‌ಗಳು ಫೋನಿನಲ್ಲಿವೆ, ನಿಜ. ಆದರೂ ಅಂಗೈಗೆ ಇದು ಮೊದಲೇ ಗೊತ್ತಾಗುತ್ತದೆ.

ಗಾತ್ರದ ವಿಷಯದಲ್ಲಿ ಜಿಪುಣತನ ಬೇಡ. ತಯಾರಕರ ಪಟ್ಟಿಯಲ್ಲಿ ನಿಮ್ಮ ದೋಣಿಗೆ ಹೇಳಿದ್ದಕ್ಕಿಂತ ಒಂದು ಸೈಜು ದೊಡ್ಡದು ತೆಗೆದುಕೊಳ್ಳಿ. ದೊಡ್ಡ ಅಲಗು ಅಂದರೆ ಹೆಚ್ಚು ಮಣ್ಣು, ಅಷ್ಟೇ. ಹಾಗಂತ ಮೂತಿಗೆ ಹೊರೆ ಹೇರುತ್ತಾ ಹೋಗುವಂತೆಯೂ ಇಲ್ಲ. 10 ಮಿಲಿಮೀಟರ್ ಸರಪಳಿ 50 ಮೀಟರ್‌ಗೇ 110 ಕೆಜಿ ದಾಟುತ್ತದೆ. ಕಂಬಿ ಇರುವ ಲಂಗರು ಕೊಳ್ಳುವ ಮೊದಲು ಮೂತಿಯ ರೋಲರಿನಲ್ಲಿ ಅದು ಕೂರುತ್ತದೆಯೇ ಅಂತ ರಟ್ಟಿನಲ್ಲಿ ಅಳತೆ ಕತ್ತರಿಸಿ ಇಟ್ಟು ನೋಡಬೇಕು, ಎಷ್ಟೋ ದೋಣಿಗಳಲ್ಲಿ ಕಂಬಿ ತಾಗುತ್ತದೆ. ಎರಡನೇ ಲಂಗರು ಬೇರೆ ಜಾತಿಯದ್ದಿರಲಿ. ಬಿಚ್ಚಿ ಮಡಚಿ ಇಡಬಹುದಾದ ಫೋರ್ಟ್ರೆಸ್ ಇದಕ್ಕೆ ಅನುಕೂಲ. ಕೊನೆಗೆ ಲಂಗರನ್ನೂ ಸರಪಳಿಯನ್ನೂ ಸೇರಿಸುವ ಶ್ಯಾಕಲ್. ಅದರ ಪಿನ್ನನ್ನು ತಂತಿಯಿಂದ ಬಿಗಿದು ಕಟ್ಟದಿದ್ದರೆ ಅಲೆಯ ಕುಲುಕಾಟಕ್ಕೆ ತಿರುಗಿ ತಿರುಗಿ ಕಳಚಿಕೊಳ್ಳುತ್ತದೆ. ಕಟ್ಟಿದ ತಂತಿಯನ್ನು ಪ್ರತಿ ಸಲ ಲಂಗರು ಎತ್ತಿದಾಗಲೂ ಒಮ್ಮೆ ಮುಟ್ಟಿ ನೋಡಿ.